ನಳಿಕೆಯ ಕೊನೆಯ ಅಂಗುಲ: ಏರ್ ರೈಫಲ್ ನಿಖರತೆಯ ಹಿನ್ನೆಲೆ

ಹುಬ್ಬಳ್ಳಿಯ ಗೋಕುಲ ರಸ್ತೆಯ ಕೈಗಾರಿಕಾ ಪ್ರದೇಶದ ಒಂದು ಸಣ್ಣ ಲೇಥ್ ಅಂಗಡಿಗೆ ನಾನು ನನ್ನ ಹಳೆಯ ಏರ್ ರೈಫಲ್ ಒಯ್ದಿದ್ದೆ. ನಳಿಕೆಯನ್ನು ಮುರಿದು, ಅಂದರೆ ಕೀಲಿನ ಬಳಿ ಬಾಗಿಸಿ, ಪೆಲೆಟ್ ಎಂಬ ಪುಟ್ಟ ಸೀಸದ ಗುಂಡು ತುಂಬುವ, ಸ್ಪ್ರಿಂಗಿನ ಬಲದಿಂದ ನಡೆಯುವ ಸಾಧಾರಣ ರೈಫಲ್ ಅದು. 10 ಮೀಟರ್ ದೂರದಿಂದ ಐದು ಪೆಲೆಟ್ ಹೊಡೆದರೆ ಐದೂ ಅಂಗೈಯಗಲ ಚದುರುತ್ತಿದ್ದವು. ನಳಿಕೆ ಸವೆದಿದೆ, ಹೊಸದು ಹಾಕಿಸಬೇಕು ಎಂದು ನಾನು ತೀರ್ಮಾನಿಸಿಬಿಟ್ಟಿದ್ದೆ. ಲೇಥ್ ಮುಂದೆ ನಿಂತಿದ್ದ ಹಿರಿಯರು ರೈಫಲ್ ಖಾಲಿ ಇದೆಯೇ ಎಂದು ಮೊದಲು ನೋಡಿದರು. ಆಮೇಲೆ ಕಿವಿಗೆ ಹಾಕುವ ಹತ್ತಿಕಡ್ಡಿಯೊಂದನ್ನು ತೆಗೆದುಕೊಂಡು ನಳಿಕೆಯ ಬಾಯಿಯ ಒಳ ಅಂಚಿನಲ್ಲಿ ನಿಧಾನವಾಗಿ ಸುತ್ತಿಸಿದರು. ಮುಕ್ಕಾಲು ಸುತ್ತು ಸಲೀಸಾಗಿ ಹೋಯಿತು. ಒಂದು ಕಡೆ ಮಾತ್ರ ಹತ್ತಿಯ ಎಳೆ ಸಿಕ್ಕಿಕೊಂಡು ಜಗ್ಗಿತು. ಭೂತಗನ್ನಡಿ ಹಿಡಿದು ನೋಡಿದಾಗ ಅಲ್ಲಿ ಸಾಸಿವೆಗಿಂತ ಚಿಕ್ಕದಾದ ಒಂದು ಲೋಹದ ಮುಳ್ಳು ಕಂಡಿತು. "ನಳಿಗಿಗೆ ಏನೂ ಆಗಿಲ್ರಿ ಸರ, ಬಾಯಿ ಅಷ್ಟ ಕೆಟ್ಟೈತಿ ನೋಡ್ರಿ" ಎಂದರು. ಮನೆಯ ಕಡಪಾ ಕಲ್ಲಿನ ನೆಲಕ್ಕೆ ಬಾಯಿ ಊರಿ, ಗೋಡೆಗೆ ಆನಿಸಿ ರೈಫಲ್ ನಿಲ್ಲಿಸುವ ನನ್ನ ವರ್ಷಗಳ ಅಭ್ಯಾಸಕ್ಕೆ ಅದು ಫಲ.

ನಮ್ಮ ಭಾಗದಲ್ಲಿ ಬಹಳ ಜನ ಏರ್ ರೈಫಲನ್ನು ಮೊದಲು ಕೈಯಲ್ಲಿ ಹಿಡಿಯುವುದು ಜಾತ್ರೆಯ ಬಲೂನ್ ಅಂಗಡಿಯಲ್ಲಿ. ಶಿವರಾತ್ರಿಯ ಸಮಯದಲ್ಲಿ ನಡೆಯುವ ಸಿದ್ಧಾರೂಢರ ಜಾತ್ರೆಯಲ್ಲಿ ನಾನೂ ಹಾಗೆಯೇ ಹಿಡಿದೆ. ಬಂದೂಕು ಉದ್ದವಿದ್ದಷ್ಟೂ, ಹೊಡೆತ ಜೋರಿದ್ದಷ್ಟೂ ಗುರಿ ನಿಖರ ಎಂಬ ನಂಬಿಕೆ ಅಲ್ಲಿಂದಲೇ ಮನಸ್ಸಿಗೆ ಇಳಿದುಬಿಡುತ್ತದೆ. ಏರ್ ರೈಫಲ್ ನಳಿಕೆಯನ್ನು ಸುಧಾರಿಸಲು ನೂರಕ್ಕೂ ಹೆಚ್ಚು ವರ್ಷಗಳಿಂದ ನಡೆದ ಪ್ರಯತ್ನಗಳು ಇದಕ್ಕೆ ವಿರುದ್ಧವಾದುದನ್ನೇ ಹೇಳುತ್ತವೆ. ಉದ್ದವೂ ಬಲವೂ ಕಡಿಮೆಯಾಗುತ್ತ ಬಂದವು, ಗಮನವೆಲ್ಲ ನಳಿಕೆಯ ಕೊನೆಯ ಒಂದೆರಡು ಅಂಗುಲಗಳ ಮೇಲೆ ಬಂದು ನಿಂತಿತು.

ಗಾಳಿಯ ಬಂದೂಕು ಆಟಿಕೆಯಾಗಿ ಹುಟ್ಟಿದ್ದಲ್ಲ. 1780ರ ಸುಮಾರಿಗೆ ಆಸ್ಟ್ರಿಯಾದ ಸೈನ್ಯ ಜಿರಾರ್ಡೋನಿ ಎಂಬ ಕುಶಲಕರ್ಮಿ ರೂಪಿಸಿದ ಗಾಳಿಯ ರೈಫಲನ್ನು ಬಳಕೆಗೆ ತಂದಿತ್ತು. ಅದರ ನಳಿಕೆಯ ಒಳಗೆ ಸುರುಳಿಯಾಕಾರದ ಕಚ್ಚುಗಳಿದ್ದವು. ಗುಂಡನ್ನು ತಿರುಗಿಸುತ್ತ ಹೊರಗೆ ಕಳಿಸುವ ಈ ಕಚ್ಚುಗಳಿಗೇ ರೈಫ್ಲಿಂಗ್ ಎನ್ನುತ್ತಾರೆ, ಬುಗುರಿ ತಿರುಗುವಾಗ ನೆಟ್ಟಗೆ ನಿಲ್ಲುವ ತತ್ವವೇ ಇಲ್ಲಿಯದೂ. ಜನಸಾಮಾನ್ಯರ ಕೈಗೆ ಎಟಕುವ ನಿಖರ ಏರ್ ರೈಫಲ್ ಬಂದದ್ದು ಮಾತ್ರ ಇಪ್ಪತ್ತನೇ ಶತಮಾನದ ಆರಂಭದಲ್ಲಿ. ಬರ್ಮಿಂಗ್‌ಹ್ಯಾಮ್‌ನ ಬಿಎಸ್‌ಎ ಕಂಪನಿ 1905ರಿಂದ ಲಿಂಕನ್ ಜೆಫ್ರೀಸ್ ಅವರ ವಿನ್ಯಾಸದ ರೈಫಲ್‌ಗಳನ್ನು ತಯಾರಿಸಿತು. ಅದೇ ಕಾಲದಲ್ಲಿ ನಡು ಸಣ್ಣಗಾದ, ಹಿಂಭಾಗ ಲಂಗದಂತೆ ತೆಳ್ಳಗೆ ಹರಡಿದ ಸೀಸದ ಪೆಲೆಟ್ ಬಳಕೆಗೆ ಬಂತು. ಹಿಂದಿನಿಂದ ಗಾಳಿ ಒತ್ತಿದಾಗ ಈ ಲಂಗ ಅರಳಿ ನಳಿಕೆಯ ಗೋಡೆಗೆ ಅಂಟಿಕೊಳ್ಳುತ್ತದೆ, ಕಚ್ಚುಗಳನ್ನು ಹಿಡಿಯುತ್ತದೆ, ಗಾಳಿ ಸೋರದಂತೆ ತಡೆಯುತ್ತದೆ. ನಳಿಕೆಯಲ್ಲಿ ಮಾಡುವ ಪ್ರತಿಯೊಂದು ಮಾರ್ಪಾಡನ್ನೂ ಈ ಮೆತ್ತನೆಯ ಲಂಗದ ದೃಷ್ಟಿಯಿಂದ ನೋಡಬೇಕು, ಏಕೆಂದರೆ ನಳಿಕೆಯ ದೋಷವೆಲ್ಲ ಅಚ್ಚೊತ್ತುವುದು ಅದರ ಮೇಲೆಯೇ.

ಪೆಲೆಟ್ ಬಾಯಿಯನ್ನು ದಾಟುವ ಕ್ಷಣದಲ್ಲಿ ಏನಾಗುತ್ತದೆ ಎಂಬುದನ್ನು ಬಿಡಿಸಿ ನೋಡುವುದು ಒಳ್ಳೆಯದು. ಪೆಲೆಟ್‌ನ ಹಿಂದೆ ಇನ್ನೂ ಒತ್ತಡದಲ್ಲಿರುವ ಗಾಳಿ ಇರುತ್ತದೆ. ಲಂಗದ ಅಂಚು ನಳಿಕೆಯ ಅಂಚನ್ನು ಸುತ್ತಲೂ ಒಂದೇ ಹೊತ್ತಿಗೆ ಬಿಟ್ಟರೆ ಆ ಗಾಳಿ ಎಲ್ಲ ಕಡೆಯಿಂದಲೂ ಸಮನಾಗಿ ಹೊರಚಿಮ್ಮುತ್ತದೆ. ಒಂದು ಕಡೆ ಮುಳ್ಳಿದ್ದರೆ, ಅಂಚು ಓರೆಯಾಗಿದ್ದರೆ, ಗಾಳಿ ಮೊದಲು ಸಿಕ್ಕ ಸಂದಿಯಿಂದ ನುಗ್ಗಿ ಲಂಗವನ್ನು ಪಕ್ಕಕ್ಕೆ ತಳ್ಳುತ್ತದೆ. ಆ ತಳ್ಳು ಎಷ್ಟೇ ಸಣ್ಣದಿದ್ದರೂ ಪೆಲೆಟ್ ತಲೆಯಾಡಿಸುತ್ತ ಹಾರುತ್ತದೆ, ಕಾಗದ ಮುಟ್ಟುವ ಹೊತ್ತಿಗೆ ಅದು ಕಣ್ಣಿಗೆ ಕಾಣುವ ಅಂತರವಾಗಿರುತ್ತದೆ. ಬಾಯಿಯ ಈ ಅಂಚಿನ ಆಕಾರಕ್ಕೆ ಕ್ರೌನ್ ಎಂದು ಹೆಸರು. ಸ್ಪರ್ಧೆಯ ರೈಫಲ್‌ಗಳಲ್ಲಿ ಇದನ್ನು ಸ್ವಲ್ಪ ಒಳಕ್ಕೆ ತಗ್ಗಿಸಿ ಕಾಪಾಡುತ್ತಾರೆ. ಮುಂದೆ, ಬಾಯಿಯಿಂದ ತುಸು ದೂರದಲ್ಲಿ ಶಂಕುವಿನಾಕಾರದ ಒಂದು ತುಂಡನ್ನು ಇಟ್ಟು, ಪೆಲೆಟ್ ನಡುವಿನ ತೂತಿನಿಂದ ಹೋಗುವಾಗ ಬೆನ್ನಟ್ಟಿ ಬರುವ ಗಾಳಿಯನ್ನು ಪಕ್ಕಕ್ಕೆ ಸೀಳಿ ಕಳಿಸುವ ವ್ಯವಸ್ಥೆಯೂ ಬಂತು.

ಕ್ರೌನ್‌ನ ಜೊತೆಗೇ ನಡೆದ ಇನ್ನೊಂದು ಸುಧಾರಣೆ ಚೋಕ್. ನಳಿಕೆಯ ಒಳ ವ್ಯಾಸವನ್ನು ಬಾಯಿಯ ಹತ್ತಿರದ ಕೆಲವು ಸೆಂಟಿಮೀಟರ್‌ಗಳಲ್ಲಿ ಮಾತ್ರ, ಅದೂ ಮಿಲಿಮೀಟರ್‌ನ ನೂರನೇ ಕೆಲವೇ ಭಾಗಗಳಷ್ಟು, ಕಿರಿದು ಮಾಡುವುದಕ್ಕೆ ಈ ಹೆಸರು. ಪೆಲೆಟ್‌ಗಳ ಗಾತ್ರದಲ್ಲಿ ಸಣ್ಣಪುಟ್ಟ ಏರುಪೇರು ಇದ್ದೇ ಇರುತ್ತದೆ. ಚೋಕ್ ಅವನ್ನೆಲ್ಲ ಕೊನೆಯ ಹಂತದಲ್ಲಿ ಒಂದೇ ಅಳತೆಗೆ ಒತ್ತಿ, ಒಂದೇ ರೀತಿಯಲ್ಲಿ ಹೊರಬಿಡುತ್ತದೆ. ಜರ್ಮನಿಯ ಲೋಥರ್ ವಾಲ್ಥರ್ ಕಂಪನಿಯ ಚೋಕ್ ಇರುವ ನಳಿಕೆಗಳು ಇದಕ್ಕೆ ಹೆಸರಾಗಿವೆ. ಖಾಲಿ ರೈಫಲ್‌ನಲ್ಲಿ ಮೆತ್ತನೆಯ ಹೊದಿಕೆಯ ಕೋಲಿನಿಂದ ಹಿಂಬದಿಯಿಂದ ಒಂದು ಪೆಲೆಟ್ ತಳ್ಳಿ ನೋಡಿದವರಿಗೆ ಇದು ಕೈಗೇ ತಿಳಿಯುತ್ತದೆ: ಮೊದಲು ತುಸು ಬಿಗಿ, ಆಮೇಲೆ ಬೆಣ್ಣೆಯಲ್ಲಿ ಹೋದಂತೆ ಸರಾಗ, ಬಾಯಿಯ ಹತ್ತಿರ ಮತ್ತೆ ಬಿಗಿ. ನಡುವೆ ಎಲ್ಲಾದರೂ ಸಡಿಲು ಸಿಕ್ಕಿದರೆ ಆ ನಳಿಕೆಯಲ್ಲಿ ದೋಷವಿದೆ ಎಂದೇ ಅರ್ಥ.

ಸುಧಾರಣೆ ಜರ್ಮನಿಯಲ್ಲಿ ಇಷ್ಟು ತೀವ್ರವಾಗಿ ನಡೆದದ್ದಕ್ಕೆ ಚರಿತ್ರೆಯ ಕಾರಣವಿದೆ. ಎರಡನೇ ಮಹಾಯುದ್ಧದ ನಂತರ ಅಲ್ಲಿ ಬಂದೂಕು ತಯಾರಿಕೆಗೆ ನಿರ್ಬಂಧವಿತ್ತು. ಅದು ಸಡಿಲಗೊಂಡಾಗ ಮೊದಲು ಚೇತರಿಸಿಕೊಂಡದ್ದು ಏರ್ ರೈಫಲ್, ಕೊಠಡಿಯೊಳಗೇ ನಡೆಸಬಹುದಾದ 10 ಮೀಟರ್ ಸ್ಪರ್ಧೆ. 1966ರಲ್ಲಿ ವೀಸ್‌ಬಾಡೆನ್‌ನ ವಿಶ್ವ ಚಾಂಪಿಯನ್‌ಷಿಪ್‌ಗೆ ಅದು ಸೇರಿತು, 1984ರಲ್ಲಿ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ಗೆ ಬಂತು. ಆ ಎರಡು ದಶಕಗಳಲ್ಲಿ ನಳಿಕೆಯ ಬಗೆಗಿನ ತಿಳಿವಳಿಕೆಯೇ ಬದಲಾಯಿತು. ಮುರಿದು ತುಂಬುವ ರೈಫಲ್‌ನಲ್ಲಿ ನಳಿಕೆ ಕೀಲಿನ ಮೇಲೆ ಕೂತಿರುತ್ತದೆ. ಕೀಲು ಕೂದಲೆಳೆಯಷ್ಟು ಸಡಿಲವಾದರೂ ಪ್ರತಿ ಸಲ ಮುಚ್ಚಿದಾಗ ನಳಿಕೆ ಬೇರೆ ದಿಕ್ಕು ನೋಡುತ್ತದೆ. ಆದ್ದರಿಂದ ಸ್ಪರ್ಧೆಯ ರೈಫಲ್‌ಗಳಲ್ಲಿ ನಳಿಕೆಯನ್ನು ಅಲುಗದಂತೆ ಸ್ಥಿರಗೊಳಿಸಿ, ಪಕ್ಕದ ಸನ್ನೆಯಿಂದ ಸ್ಪ್ರಿಂಗ್ ಎಳೆಯುವ ಕ್ರಮ ಬಂತು. ಸ್ಪ್ರಿಂಗ್ ರೈಫಲ್‌ನಲ್ಲಿ ಪೆಲೆಟ್ ಇನ್ನೂ ನಳಿಕೆಯೊಳಗೆ ಇರುವಾಗಲೇ ಗಾಳಿಯನ್ನು ಒತ್ತುವ ಪಿಸ್ಟನ್‌ನ ಓಟದಿಂದ ಇಡೀ ರೈಫಲ್ ಹಿಂದೆ ಸರಿದು ಅಲುಗುತ್ತದೆ. ಅದಕ್ಕಾಗಿ ಫೈನ್‌ವರ್ಕ್‌ಬಾವ್ ಕಂಪನಿ ನಳಿಕೆ ಮತ್ತು ಯಂತ್ರಭಾಗ ಎರಡೂ ಹಳಿಯ ಮೇಲೆ ಒಟ್ಟಿಗೆ ಹಿಂದೆ ಜಾರುವ ವ್ಯವಸ್ಥೆ ಮಾಡಿತು, ಧಕ್ಕೆ ಭುಜಕ್ಕೆ ಮುಟ್ಟುತ್ತಲೇ ಇರಲಿಲ್ಲ. ಕೊನೆಗೆ ಸ್ಪ್ರಿಂಗೇ ಹೋಗಿ, ಮೊದಲೇ ಒತ್ತಿ ತುಂಬಿದ ಗಾಳಿಯ ಸಿಲಿಂಡರ್ ಬಂತು.

ಇಂದಿನ ಸ್ಪರ್ಧಾ ರೈಫಲ್ ನೋಡಲು ಉದ್ದವಾಗಿ ಕಾಣುತ್ತದೆ. ಒಳಗಿನ ಕಚ್ಚಿರುವ ನಳಿಕೆ ಮಾತ್ರ ಸುಮಾರು 42 ಸೆಂಟಿಮೀಟರ್ ಅಷ್ಟೆ; ಅದರ ಮುಂದೆ ಕಾಣುವುದು ಮುಂಗುರಿಯನ್ನು (ಗುರಿ ನೋಡಲು ಮುಂದಿನ ತುದಿಯಲ್ಲಿರುವ ಭಾಗವನ್ನು) ದೂರ ಇಡಲು ಕೂಡಿಸಿದ ಹೊರಕೊಳವೆ. ನಳಿಕೆ ಗಿಡ್ಡವಾದಷ್ಟೂ ಪೆಲೆಟ್ ಒಳಗೆ ಇರುವ ಹೊತ್ತು ಕಡಿಮೆ, ಆ ಹೊತ್ತಿನಲ್ಲಿ ಕೈ ನಡುಗುವ ಅವಕಾಶವೂ ಕಡಿಮೆ. ವೇಗ ಸೆಕೆಂಡಿಗೆ ಸುಮಾರು 170 ಮೀಟರ್, ಪೆಲೆಟ್‌ನ ತೂಕ ಅರ್ಧ ಗ್ರಾಮಿನ ಆಸುಪಾಸು. ಜಾತ್ರೆಯಲ್ಲಿ ನಮಗೆ ಹಿತವೆನಿಸಿದ ಜೋರು ಹೊಡೆತಕ್ಕೆ ಅಲ್ಲಿ ಜಾಗವೇ ಇಲ್ಲ.

ನಮ್ಮ ದೇಶದಲ್ಲಿ ರಾಷ್ಟ್ರೀಯ ರೈಫಲ್ ಸಂಘ 1951ರಲ್ಲೇ ಸ್ಥಾಪನೆಯಾದರೂ ಆಮದಿನ ಸ್ಪರ್ಧಾ ರೈಫಲ್ ಬಹುಕಾಲ ಕೆಲವರ ಕೈಗೆ ಮಾತ್ರ ಎಟಕುತ್ತಿತ್ತು. ಧಾರವಾಡ, ಗದಗ, ಹಾವೇರಿಯ ಕಾಲೇಜುಗಳಲ್ಲಿ ಎನ್‌ಸಿಸಿಯ ಪಾಯಿಂಟ್ 22 ರೈಫಲ್ ಹಿಡಿದು ಗುರಿಯ ರುಚಿ ಹತ್ತಿಸಿಕೊಂಡವರು ಮುಂದೆ ಅಭ್ಯಾಸಕ್ಕೆ ಕೈಗೆ ಸಿಕ್ಕ ದೇಶೀ ಏರ್ ರೈಫಲನ್ನೇ ನಂಬಬೇಕಾಗಿತ್ತು. 2008ರ ಬೀಜಿಂಗ್‌ನಲ್ಲಿ ಅಭಿನವ್ ಬಿಂದ್ರಾ ಕೊನೆಯ ಹೊಡೆತದಲ್ಲಿ 10.8 ಗಳಿಸಿ ಒಟ್ಟು 700.5 ಅಂಕಗಳಿಂದ ಚಿನ್ನ ಗೆದ್ದ ಮೇಲೆ ಆ ಹಂಬಲ ಇನ್ನಷ್ಟು ಹೆಚ್ಚಿತು. ಅಗ್ಗದ ರೈಫಲನ್ನೇ ತಿದ್ದಿ ಸರಿಮಾಡುವ ಪ್ರಯತ್ನವೂ ಹಾಗೆಯೇ ಹೆಚ್ಚಿತು. ನೋವಿನ ಸಂಗತಿಯೆಂದರೆ, ಲೇಥ್ ಕೆಲಸದಲ್ಲಿ ಪಳಗಿದ ನಮ್ಮ ಹುಬ್ಬಳ್ಳಿಯಲ್ಲೂ ಆ ತಿದ್ದುಪಡಿಗಳಲ್ಲಿ ಅನೇಕವು ನಳಿಕೆಯನ್ನು ಕೆಡಿಸಿವೆ.

ಭಾರ ಇಳಿಸಲೆಂದು ನಳಿಕೆಯ ಹೊರಮೈಯನ್ನು ಲೇಥ್‌ನಲ್ಲಿ ಕೆತ್ತಿಸಿದವರನ್ನು ನಾನು ಬಲ್ಲೆ. ಕಚ್ಚನ್ನು ಒತ್ತಿ ಮೂಡಿಸಿದ ನಳಿಕೆಯ ಉಕ್ಕಿನೊಳಗೆ ಬಿಗಿತ ಅಡಗಿರುತ್ತದೆ. ಹೊರಗಿನಿಂದ ಲೋಹ ತೆಗೆದರೆ ಆ ಬಿಗಿತ ಸಡಿಲಗೊಂಡು ಒಳಗಿನ ತೂತು ಅಲ್ಲಿ ಹಿಗ್ಗುತ್ತದೆ, ಮುಂಗುರಿ ಕೂಡಿಸಲು ಕಚ್ಚು ಕೊರೆದ ಹೊರಮೈಯ ಜಾಗದಲ್ಲೂ ಹೀಗಾಗುವುದುಂಟು. ತುದಿಯ ಗೀರು ಹೋಗಲೆಂದು ಒಂದೆರಡು ಅಂಗುಲ ಕತ್ತರಿಸಿದರೆ ಗೀರಿನೊಂದಿಗೆ ಚೋಕ್ ಕೂಡ ಗುಜರಿಗೆ ಹೋಗುತ್ತದೆ. ಇದು ಬರೀ ತಾಂತ್ರಿಕ ತಪ್ಪೂ ಅಲ್ಲ. 1959ರ ಶಸ್ತ್ರಾಸ್ತ್ರ ಕಾಯ್ದೆಯ 6ನೇ ಕಲಮು ಪರವಾನಗಿ ಇಲ್ಲದೆ ಬಂದೂಕಿನ ನಳಿಕೆಯನ್ನು ಗಿಡ್ಡ ಮಾಡುವುದನ್ನು ನಿಷೇಧಿಸುತ್ತದೆ, ಆ ಕಾಯ್ದೆಯ ಬಂದೂಕಿನ ವ್ಯಾಖ್ಯೆಯಲ್ಲಿ ಸ್ಫೋಟಕದ ಜೊತೆಗೆ ಬೇರೆ ಬಗೆಯ ಶಕ್ತಿಯಿಂದ ಗುಂಡು ಹಾರಿಸುವ ಸಾಧನವೂ ಸೇರಿದೆ. 2016ರ ನಿಯಮಗಳು 4.5 ಮಿಲಿಮೀಟರ್ ವ್ಯಾಸ ಮತ್ತು 20 ಜೂಲ್ ಶಕ್ತಿ ಮೀರದ ಏರ್ ರೈಫಲ್‌ಗಳಿಗೆ ಪರವಾನಗಿಯಿಂದ ವಿನಾಯಿತಿ ಕೊಟ್ಟಿವೆ. ತೂತು ದೊಡ್ಡದು ಮಾಡಿಸುವವರು, ಸ್ಪ್ರಿಂಗ್ ಬಲಪಡಿಸುವವರು ಗುರಿಯ ಜೊತೆಗೆ ಈ ವಿನಾಯಿತಿಯನ್ನೂ ಕಳೆದುಕೊಳ್ಳುತ್ತಾರೆ. ಹಿತ್ತಾಳೆ ಬ್ರಷ್‌ನಿಂದ ವಾರಕ್ಕೊಮ್ಮೆ ಉಜ್ಜುವುದೂ ಬೇಡ. ಏರ್ ರೈಫಲ್ ನಳಿಕೆಯ ಉಕ್ಕು ಮೆತ್ತಗಿರುತ್ತದೆ, ಅದಕ್ಕೆ ಫೆಲ್ಟ್ (ಒತ್ತಿದ ಉಣ್ಣೆಬಟ್ಟೆ) ಉಂಡೆಗಳೇ ಸಾಕು. ಸ್ಪ್ರಿಂಗ್ ರೈಫಲ್‌ಗೆ ಸಾದಾ ಎಣ್ಣೆ ಬಿಟ್ಟರೆ ಅದು ಒತ್ತಡದ ಬಿಸಿಗೆ ಹೊತ್ತಿಕೊಂಡು ಪ್ರತಿ ಹೊಡೆತದ ವೇಗವನ್ನೂ ಬೇರೆ ಬೇರೆ ಮಾಡುತ್ತದೆ.

ಸ್ಪರ್ಧೆಯ ಜಗತ್ತು ಈಗ ನಳಿಕೆಯನ್ನು ತಿದ್ದುವುದನ್ನು ಬಿಟ್ಟು ನಳಿಕೆಗೆ ಪೆಲೆಟ್ ಹೊಂದಿಸುವ ಕಡೆಗೆ ತಿರುಗಿದೆ. ಗುರಿಹಲಗೆಯ 10ರ ಚುಕ್ಕೆ ಬರೀ ಅರ್ಧ ಮಿಲಿಮೀಟರ್. 2013ರಿಂದ ಅರ್ಹತಾ ಸುತ್ತಿನಲ್ಲೂ ದಶಮಾಂಶದ ಲೆಕ್ಕ ಬಂದ ಮೇಲೆ 10.3ಕ್ಕೂ 10.6ಕ್ಕೂ ಇರುವ ವ್ಯತ್ಯಾಸವೇ ಸ್ಥಾನ ನಿರ್ಧರಿಸುತ್ತದೆ. ಆ ವ್ಯತ್ಯಾಸ ಕಾಗದದ ಮೇಲೆ ಮುಕ್ಕಾಲು ಮಿಲಿಮೀಟರ್. ಹಾಗಾಗಿ 4.49, 4.50, 4.51 ಮಿಲಿಮೀಟರ್ ತಲೆಯ ಪೆಲೆಟ್‌ಗಳನ್ನು ಬೇರೆ ಬೇರೆ ಡಬ್ಬಿಗಳಲ್ಲಿ ಮಾರುತ್ತಾರೆ. ರೈಫಲನ್ನು ಬಿಗಿಹಿಡಿಕೆಯಲ್ಲಿ ಕಟ್ಟಿ, ಒಂದೊಂದು ಡಬ್ಬಿಯನ್ನೂ ಪರೀಕ್ಷಿಸಿ, ಯಾವುದು ಒತ್ತಾಗಿ ಬೀಳುತ್ತದೋ ಅದನ್ನು ಇಡೀ ವರ್ಷಕ್ಕೆ ಕೊಳ್ಳುತ್ತಾರೆ. ಸಾಧಾರಣ ರೈಫಲ್ ಇಟ್ಟುಕೊಂಡವರೂ ನಳಿಕೆಗೆ ಕೈ ಹಾಕುವ ಮೊದಲು ನಾಲ್ಕು ಬಗೆಯ ಪೆಲೆಟ್ ಹೊಡೆದು ನೋಡಬೇಕು ಎಂದು ನಾನು ಒತ್ತಿ ಹೇಳುತ್ತೇನೆ.

ನನ್ನ ರೈಫಲ್‌ನ ನಳಿಕೆಯನ್ನು ಆ ಹಿರಿಯರು ಲೇಥ್‌ಗೆ ಕಟ್ಟಲೇ ಇಲ್ಲ. ನಳಿಕೆಯೊಳಗೆ ಬಟ್ಟೆಯ ಚೂರು ತುರುಕಿ ಪುಡಿ ಒಳಗಿಳಿಯದಂತೆ ಮಾಡಿದರು. ಗುಂಡು ತಲೆಯ ಒಂದು ಹಿತ್ತಾಳೆ ಸ್ಕ್ರೂ ತೆಗೆದುಕೊಂಡು, ಅದರ ತಲೆಗೆ ವಾಲ್ವ್ ತಿಕ್ಕುವ ನುಣ್ಣನೆಯ ಪೇಸ್ಟ್ ಸವರಿ, ಕೈಡ್ರಿಲ್‌ಗೆ ಸಿಕ್ಕಿಸಿ ನಳಿಕೆಯ ಬಾಯಿಗೆ ಇಟ್ಟರು. ಒಂದೇ ಕಡೆ ಸವೆಯಬಾರದೆಂದು ಡ್ರಿಲ್‌ನ ಹಿಂಬದಿಯನ್ನು ಸಣ್ಣ ವೃತ್ತದಲ್ಲಿ ಆಡಿಸುತ್ತ ನಿಧಾನವಾಗಿ ತಿರುಗಿಸಿದರು. ಎರಡು ನಿಮಿಷಕ್ಕೊಮ್ಮೆ ಒರೆಸಿ, ಭೂತಗನ್ನಡಿಯಲ್ಲಿ ನೋಡಿ, ಮತ್ತೆ ತಿರುಗಿಸಿದರು. ಅಂಚಿನ ಸುತ್ತ ಒಂದೇ ಅಗಲದ ಹೊಳೆಯುವ ಉಂಗುರ ಮೂಡಿದಾಗ ನಿಲ್ಲಿಸಿ, ಹತ್ತಿಕಡ್ಡಿಯನ್ನು ಇನ್ನೊಮ್ಮೆ ಸುತ್ತಿಸಿದರು. ಎಳೆ ಎಲ್ಲಿಯೂ ಸಿಕ್ಕಲಿಲ್ಲ. ಆ ಸಂಜೆ ಮನೆಯ ಹಿತ್ತಲಲ್ಲಿ, ಮಣ್ಣು ತುಂಬಿದ ಚೀಲಗಳ ಮುಂದೆ ಕಾಗದ ಅಂಟಿಸಿ 10 ಮೀಟರ್‌ನಿಂದ ಐದು ಪೆಲೆಟ್ ಹೊಡೆದೆ. ಐದೂ ತೂತುಗಳನ್ನು ಎರಡು ರೂಪಾಯಿಯ ನಾಣ್ಯ ಮುಚ್ಚುತ್ತಿತ್ತು. ರೈಫಲನ್ನು ಈಗ ಗೋಡೆಗೆ ಅಡ್ಡಲಾಗಿ ಹೊಡೆದ ಎರಡು ಗೂಟಗಳ ಮೇಲೆ ಮಲಗಿಸಿ ಇಡುತ್ತೇನೆ.