ಲಂಡನ್ ಲಾ ಫರ್ಮ್‌ಗಳ ಬಲ ಎಲ್ಲಿಂದ ಬಂತು, ನಮ್ಮ ಬೆಳಗಾವಿಯ ಕೈಗಾರಿಕಾ ಪ್ರದೇಶ ಉದ್ಯಮಬಾಗಕ್ಕ ಅದರ ಸಂಬಂಧ ಏನು

2010ರಾಗ ನಮ್ಮ ಬೆಳಗಾವಿಯ ಶ್ರೀ ರೇಣುಕಾ ಶುಗರ್ಸ್ ಬ್ರೆಜಿಲ್‌ನ್ಯಾಗ ಎರಡು ಸಕ್ಕರೆ ಕಂಪನಿ ಖರೀದಿ ಮಾಡ್ತು. ವಾಲೆ ಡೊ ಇವಾಯಿ ಅನ್ನೂದು ಪೂರ್ತಿ, ಈಕ್ವಿಪಾವ್ ಅನ್ನೂದರಾಗ ಅರ್ಧಕ್ಕಿಂತ ಹೆಚ್ಚು ಪಾಲು. ಸವದತ್ತಿ ಕಡೆ ಮುನವಳ್ಳಿ ಫ್ಯಾಕ್ಟರಿಯಿಂದ ಶುರು ಆದ ಕಂಪನಿ ಅಷ್ಟು ದೂರ ಹೋತಲ್ಲ ಅಂತ ಈ ಭಾಗದ ಮಂದಿಗೆ ಹೆಮ್ಮೆ ಇತ್ತು, ಇರಬೇಕಾದ್ದ. ಮುಂದ 2015ರಾಗ ಬ್ರೆಜಿಲ್ ಘಟಕಗಳು ಸಾಲದ ಭಾರ ತಡೀಲಾರದ ಅಲ್ಲಿನ ಕೋರ್ಟಿನ ರಕ್ಷಣೆ ಕೇಳಿದ್ವು, 2018ರಾಗ ಸಿಂಗಾಪುರದ ವಿಲ್ಮಾರ್ ನಮ್ಮ ಕಂಪನಿಯ ಬಹುಪಾಲು ಒಡೆತನ ತಗೊಂತು. ಇದೆಲ್ಲಾ ಪೇಪರ್‌ನ್ಯಾಗ ಬಂದದ್ದ ಐತಿ. ಆದ್ರ ಖರೀದಿ, ಸಾಲ, ದಿವಾಳಿತನದ ಅರ್ಜಿ, ಒಡೆತನ ಬದಲಾವಣೆ, ಈ ನಾಕೂ ಹಂತದಾಗ ಕಾಗದ ಯಾರ ಬರೀತಾರ, ಯಾರ ಓದತಾರ, ಅದಕ್ಕ ಎಂಥಾ ವಕೀಲರ ಸೈನ್ಯ ಬೇಕಾಗತೈತಿ ಅನ್ನೂದನ್ನ ಕನ್ನಡದಾಗ ಬಿಡಿಸಿ ಹೇಳಿದವರು ಕಡಿಮಿ. ಇವತ್ತು ಅದನ್ನ ಬರೀತೀನಿ.

ಇಂಥಾ ಒಂದು ಖರೀದಿ ಹೆಂಗ ನಡೀತೈತಿ ಅಂತ ಸ್ವಲ್ಪ ಹತ್ರದಿಂದ ನೋಡ್ರಿ. ಮಾರೋ ಕಂಪನಿ ತನ್ನ ಎಲ್ಲಾ ಕಾಗದ ಒಂದ ಕಡೆ ತೆಗೆದಿಡತೈತಿ, ಅದಕ್ಕ ಡಾಟಾ ರೂಮ್ ಅಂತಾರ, ಈಗೆಲ್ಲಾ ಅದು ಆನ್‌ಲೈನ್. ಅದರಾಗ ಜಮೀನಿನ ಪತ್ರ, ಕಬ್ಬು ಬೆಳೆಗಾರರ ಜೋಡಿ ಮಾಡಿಕೊಂಡ ಕರಾರು, ಬಾಯ್ಲರ್ ಲೈಸೆನ್ಸ್, ಪರಿಸರ ಇಲಾಖೆ ನೋಟಿಸು, ಕಾರ್ಮಿಕರ ಕೇಸು, ಬ್ಯಾಂಕ್ ಸಾಲದ ಅಗ್ರಿಮೆಂಟು, ಎಲ್ಲಾ ಇರತಾವ, ಬ್ರೆಜಿಲ್ ಅಂದ್ರ ಪೋರ್ಚುಗೀಸ್ ಭಾಷಾದಾಗ. ದೊಡ್ಡ ಫರ್ಮ್‌ನ್ಯಾಗ (ಭಾಳ ವಕೀಲರು ಕೂಡಿ ನಡಸೂ ಕಾನೂನು ಸಂಸ್ಥೆ) ಈ ಕಾಗದ ಒಬ್ಬ ವಕೀಲನ ಟೇಬಲ್ಲಿಗೆ ಹೋಗೂದಿಲ್ಲ. ಜಮೀನಿನ ಪತ್ರ ರಿಯಲ್ ಎಸ್ಟೇಟ್ ಟೀಮಿಗೆ, ಕಾರ್ಮಿಕರ ಕೇಸು ಎಂಪ್ಲಾಯ್‌ಮೆಂಟ್ ಟೀಮಿಗೆ, ಸಾಲದ ಕಾಗದ ಬ್ಯಾಂಕಿಂಗ್ ಟೀಮಿಗೆ, ಯಾವ ದೇಶದ ಕಂಪನಿ ಮೂಲಕ ಖರೀದಿ ಮಾಡಿದ್ರ ತೆರಿಗೆ ಎಷ್ಟು ಅನ್ನೂದು ಟ್ಯಾಕ್ಸ್ ಟೀಮಿಗೆ, ಬ್ರೆಜಿಲ್‌ನ ಸ್ಪರ್ಧಾ ಪ್ರಾಧಿಕಾರದ ಮುಂದ ಅರ್ಜಿ ಹಾಕೂದು ಕಾಂಪಿಟಿಶನ್ ಟೀಮಿಗೆ. ಇವಕ್ಕ ಪ್ರಾಕ್ಟೀಸ್ ಏರಿಯಾ ಅಂತಾರ.

ಈಗ ಇದರಾಗಿನ ನಿಜವಾದ ಬಲ ಎಲ್ಲಿ ಐತಿ ಅಂದ್ರ ಆ ಟೀಮ್‌ಗಳ ನಡುವಿನ ಮಾತುಕತಿಯೊಳಗ. ಬ್ಯಾಂಕಿಂಗ್ ಟೀಮಿನ ಜೂನಿಯರ್ ಒಬ್ಬ ಸಾಲದ ಕಾಗದದಾಗ ಒಂದ ಸಾಲು ನೋಡತಾನ, ಮಾಲೀಕ ಬದಲಾದ್ರ ಬ್ಯಾಂಕು ಪೂರ್ತಿ ಸಾಲ ಒಮ್ಮೆಲೇ ವಾಪಸ್ ಕೇಳಬಹುದು ಅಂತ ಬರದಿರತೈತಿ. ಆ ಸುದ್ದಿ ಅವತ್ತ ರಾತ್ರಿ ಕಾರ್ಪೊರೇಟ್ ಟೀಮಿಗೆ ಹೋಗಬೇಕು, ಅವರು ರೇಟಿನ ಕಲಂ ಬದಲು ಮಾಡಬೇಕು, ಇಲ್ಲಾಂದ್ರ ಬ್ಯಾಂಕಿನ ಒಪ್ಪಿಗಿ ಪತ್ರ ಕೈಗೆ ಬರೂ ತನಕ ದುಡ್ಡು ಕೊಡಂಗಿಲ್ಲ ಅಂತ ಕರಾರಿನ್ಯಾಗ ಸೇರಸಬೇಕು. ಒಬ್ಬನ ಒಬ್ಬ ಎಷ್ಟೇ ಶಾಣ್ಯಾ ವಕೀಲ ಇದ್ರೂ ಹತ್ತು ಕಾನೂನು, ಮೂರು ದೇಶ, ಎರಡು ಭಾಷಾ ಇಷ್ಟನ್ನ ಆರು ವಾರದಾಗ ಓದಿ ಮುಗಸೂದು ಆಗೂದಿಲ್ಲ. ಆಮ್ಯಾಲ ಕಂಪನಿ ಸಾಲಕ್ಕ ಸಿಕ್ಕಾಗ ಬ್ಯಾರೆ ಟೀಮ್ ಬರತೈತಿ, ಇನ್‌ಸಾಲ್ವೆನ್ಸಿ ಮತ್ತ ರಿಸ್ಟ್ರಕ್ಚರಿಂಗ್ ಅಂತ, ಅವರ ಕೆಲಸಾನ ಬ್ಯಾರೆ, ಅವರ ಸ್ವಭಾವಾನೂ ಬ್ಯಾರೆ. ಕೂಡಿಸೂ ವಕೀಲರು, ಬಿಡಿಸೂ ವಕೀಲರು ಎರಡೂ ಒಂದ ಛಾವಣಿ ಕೆಳಗ ಇರೂದ ಇಂಥಾ ಫರ್ಮ್‌ನ ತಾಕತ್ತು.

ಈ ಪದ್ಧತಿ ಬೆಳದದ್ದು ಹೆಂಗ ಅಂತ ನೋಡಿದ್ರ ಕತಿ ಲಂಡನ್ನಿಗೆ ಹೋಗತೈತಿ. ಅಲ್ಲಿನ ಫರ್ಮ್‌ಗಳು ಹಳೇವು ಖರೆ. ಫ್ರೆಶ್‌ಫೀಲ್ಡ್ಸ್ 1743ರಿಂದ ಬ್ಯಾಂಕ್ ಆಫ್ ಇಂಗ್ಲೆಂಡಿಗೆ ಸಲಹಾ ಕೊಡತೈತಿ, ಲಿಂಕ್‌ಲೇಟರ್ಸ್ 1838ರದ್ದು, ಸ್ಲಾಟರ್ ಆ್ಯಂಡ್ ಮೇ 1889ರದ್ದು. ಆದ್ರ ಎಷ್ಟು ಹಳೇವಿದ್ರೂ ಭಾಳ ವರ್ಷ ಸಣ್ಣವ ಇದ್ವು, ಯಾಕಂದ್ರ ಒಂದು ಪಾರ್ಟ್‌ನರ್‌ಶಿಪ್ಪಿನ್ಯಾಗ 20ಕ್ಕಿಂತ ಹೆಚ್ಚು ಮಂದಿ ಇರಂಗಿಲ್ಲ ಅಂತ ಇಂಗ್ಲೆಂಡಿನ ಕಂಪನಿ ಕಾನೂನ ಹೇಳತಿತ್ತು. 20 ಪಾಲುದಾರರ ಮ್ಯಾಲ ನೀವು ಹತ್ತು ಇಲಾಖೆ ಕಟ್ಟೂದು ಹೆಂಗ? 1967ರ ಕಾನೂನಿನ್ಯಾಗ ಕಾಗದ, ಸಲಹಾ ಕೆಲಸ ಮಾಡೂ ವಕೀಲರಿಗೆ, ಅಂದ್ರ ಸಾಲಿಸಿಟರ್‌ಗಳಿಗೆ ಆ ಮಿತಿ ತೆಗದು ಹಾಕಿದ್ರು. ಅದಕ್ಕ ಸ್ವಲ್ಪ ಮುಂಚೆ, 1963ರಾಗ, ಇಟಲಿಯ ಹೆದ್ದಾರಿ ಕಂಪನಿ ಆಟೋಸ್ಟ್ರಾಡೆ ಸಲುವಾಗಿ ಮೊದಲ ಯೂರೋಬಾಂಡ್ (ಒಂದ ದೇಶದ ಕರೆನ್ಸಿಯೊಳಗ ಆ ದೇಶದ ಹೊರಗ ಎತ್ತೂ ಸಾಲಪತ್ರ) ಲಂಡನ್‌ದಾಗ ಬಂತು, ಅದರ ಕಾನೂನು ಕೆಲಸ ಮಾಡಿದ್ದು ಆಲೆನ್ ಆ್ಯಂಡ್ ಓವರಿ. ಅಂದ್ರ ಬ್ಯಾರೆ ದೇಶದ ಕಂಪನಿ, ಬ್ಯಾರೆ ದೇಶದ ದುಡ್ಡು, ಕಾಗದ ಮಾತ್ರ ಲಂಡನ್ ವಕೀಲರದ್ದು. ಮುಂದ 1986ರಾಗ ಲಂಡನ್ ಷೇರುಪೇಟೆಯ ಹಳೇ ಕಟ್ಟುಪಾಡು ಸಡಲ ಮಾಡಿದ್ರು, ಬಿಗ್ ಬ್ಯಾಂಗ್ ಅಂತ ಹೆಸರಾತು, ಮರುವರ್ಷನ ಕ್ಲಿಫರ್ಡ್ ಟರ್ನರ್, ಕವರ್ಡ್ ಚಾನ್ಸ್ ಎರಡೂ ಕೂಡಿ ಕ್ಲಿಫರ್ಡ್ ಚಾನ್ಸ್ ಆದ್ವು. ಅಮೇರಿಕಾದ ಕಡೆ ಬೇಕರ್ ಮೆಕೆಂಝಿ 1949ರಾಗ ಶಿಕಾಗೋದಾಗ ಶುರು ಆಗಿ 1955ರಾಗನ ವೆನೆಝುವೆಲಾದ ಕರಾಕಸ್‌ನ್ಯಾಗ ಆಫೀಸ್ ತೆಗೀತು. ಕೂಡೂದು ಇನ್ನೂ ನಿಂತಿಲ್ಲ, 2024ರಾಗ ಆಲೆನ್ ಆ್ಯಂಡ್ ಓವರಿ ನ್ಯೂಯಾರ್ಕಿನ ಶಿಯರ್ಮನ್ ಆ್ಯಂಡ್ ಸ್ಟರ್ಲಿಂಗ್ ಜೋಡಿ ಒಂದಾತು.

ಇನ್ನೊಂದು, ಮಂದಿ ತಯಾರ ಮಾಡೂ ರೀತಿ. ನ್ಯೂಯಾರ್ಕಿನ ಪಾಲ್ ಕ್ರಾವತ್ ಅನ್ನಾವ 20ನೇ ಶತಮಾನದ ಶುರುವಿನ್ಯಾಗ ಒಂದು ಪದ್ಧತಿ ಹಾಕಿದ, ಒಳ್ಳೆ ಕಾಲೇಜಿನಿಂದ ಆಗಷ್ಟ ಪಾಸಾದ ಹುಡುಗರನ್ನ ತಗೋ, ಪಗಾರ ಕೊಟ್ಟು ಕಲಸು, ಒಂದ ಕೆಲಸದಿಂದ ಇನ್ನೊಂದ ಕೆಲಸಕ್ಕ ಹಾಕು, ಕೆಲ ವರ್ಷದ ಮ್ಯಾಲ ಪಾರ್ಟ್‌ನರ್ ಮಾಡು ಇಲ್ಲಾ ಕಳಸು. ಲಂಡನ್ ಫರ್ಮ್‌ಗಳೊಳಗ ಟ್ರೇನಿಗಳು ಎರಡು ವರ್ಷದಾಗ ಸಾಮಾನ್ಯವಾಗಿ ನಾಕು ಇಲಾಖೆ ತಿರುಗತಾರ, ಆರಾರು ತಿಂಗಳು. ನಮ್ಮ ಕೋರ್ಟ್ ಆವಾರದಾಗ ಜೂನಿಯರ್ ಆದವ ಬೆಳಿಗ್ಗೆ ಬೇಲ್ ಅರ್ಜಿ, ಹನ್ನೆರಡಕ್ಕ ಚೆಕ್ ಬೌನ್ಸ್, ಮಧ್ಯಾಹ್ನ ಪಾಲಾ ವಾಟ್ನಿ ದಾವೆ, ಸಂಜಿಕ ಸೀನಿಯರ್ ಆಫೀಸಿನ್ಯಾಗ ಡ್ರಾಫ್ಟಿಂಗ್, ಎಲ್ಲಾ ಕಲೀತಾನ, ಮಂದಿ ಮುಂದ ನಿಂತು ಮಾತಾಡೂ ಧೈರ್ಯಾನೂ ಬರತೈತಿ. ಅದು ಸಣ್ಣ ಕಲಿಕೆ ಅಲ್ಲ. ಆದ್ರ ಮೊದಲ ವರ್ಷಗಳಾಗ ಪಗಾರ ಅನ್ನೂದು ಸೀನಿಯರ್ ಮರ್ಜಿ, ಒಂದ ವಿಷಯದಾಗ ಆಳಕ್ಕ ಇಳಿಯೂ ಪುರಸತ್ತು ಸಿಗೂದಿಲ್ಲ. ಇದರ ಬಗ್ಗೆ ನನಗ ಖರೇನ ಸಂಕಟ ಐತಿ.

ಹಂಗಾದ್ರ ಫರ್ಮ್ ಅನ್ನೂ ಪದ್ಧತಿ ನಮ್ಮ ಕಡೆ ಯಾಕ ಬೆಳೀಲಿಲ್ಲ? ಬೆಳಗಾವಿ, ವಿಜಯಪುರ, ಬಾಗಲಕೋಟಿ ಎಲ್ಲಾ 1956ರ ತನಕ ಮುಂಬಯಿ ಆಡಳಿತದಾಗ ಇದ್ವು, ಅಪೀಲು 1862ರಾಗ ಶುರು ಆದ ಬಾಂಬೆ ಹೈಕೋರ್ಟಿಗೆ ಹೋಗತಿದ್ವು, ಅದರ ಮ್ಯಾಲ 1949ರ ತನಕ ಆಗಿನ ಕಡೇ ಅಪೀಲು ಕೋರ್ಟು, ಲಂಡನ್ನಿನ ಪ್ರಿವಿ ಕೌನ್ಸಿಲ್. ಅಂದ್ರ ನಮ್ಮ ಊರಿನ ವತನದ ಜಮೀನಿನ ಜಗಳಾನೂ ದೊಡ್ಡದಾದ್ರ ಲಂಡನ್ ಸಾಲಿಸಿಟರ್ ಟೇಬಲ್ಲಿಗೆ ಹೋಗೂ ದಾರಿ ಇತ್ತು. ಆದ್ರ ಫರ್ಮ್ ಮಾತ್ರ ಮುಂಬಯಿ ಶಹರ ಬಿಟ್ಟು ಹೊರಗ ಬರಲಿಲ್ಲ. ಕ್ರಾಫರ್ಡ್ ಬೇಯ್ಲಿ 1830ರದ್ದು, ಲಿಟಲ್ ಆ್ಯಂಡ್ ಕಂಪನಿ 1856ರದ್ದು, ಅವು ಬೆಳದದ್ದ ಮುಂಬಯಿ ಶಹರದ ವ್ಯಾಪಾರದ ಸಲುವಾಗಿ, ಯಾಕಂದ್ರ ಹೈಕೋರ್ಟಿನ ಒರಿಜಿನಲ್ ಸೈಡ್ (ಅಪೀಲಲ್ಲದ, ನೇರ ಅಲ್ಲೇ ಹಾಕೂ) ಕೇಸಿನ್ಯಾಗ ಕಾಗದ ತಯಾರ ಮಾಡಾಕ ಒಬ್ಬ ಸಾಲಿಸಿಟರ್, ವಾದ ಮಾಡಾಕ ಇನ್ನೊಬ್ಬ ಅಂತ ನಿಯಮ ಇತ್ತು, ಆ ಎರಡು ಭಾಗದ ಪದ್ಧತಿ 1976ರ ತಿದ್ದುಪಡಿ ತನಕ ನಡೀತು. ಜಿಲ್ಲಾ ಕೋರ್ಟಿನ್ಯಾಗ ಅದು ಬೇಕಾಗಿರ್ಲಿಲ್ಲ, ಒಬ್ಬ ವಕೀಲ ಎಲ್ಲಾ ಮಾಡತಿದ್ದ. ನಮ್ಮಲ್ಲಿ ಬುದ್ಧಿಗೆ ಕೊರತಿ ಇತ್ತು ಅಂತ ಯಾರರ ತಿಳಕೊಂಡ್ರ ಅದು ತಪ್ಪು. ಬೆಳಗಾವಿಯ ರಾಜಾ ಲಖಮಗೌಡ ಕಾನೂನು ಕಾಲೇಜು 1939ರಿಂದ ನಡದೈತಿ, 1989ರಾಗ ದೇಶದ ಮುಖ್ಯ ನ್ಯಾಯಮೂರ್ತಿ ಆದ ಇ.ಎಸ್. ವೆಂಕಟರಾಮಯ್ಯ ಅಲ್ಲೇ ಓದಿದವರು.

ಸ್ವಾತಂತ್ರ್ಯದ ಮ್ಯಾಲ ಬಂದ ಕಾನೂನುಗಳು ಫರ್ಮ್‌ನ ಇನ್ನೂ ಸಣ್ಣದ ಇಟ್ಟವು. ಇಂಗ್ಲೆಂಡ್ 1967ರಾಗ ತೆಗೆದ ಆ 20ರ ಮಿತಿ ನಮ್ಮ 1956ರ ಕಂಪನಿ ಕಾಯ್ದೆದಾಗ ಹಂಗ ಉಳೀತು, 2008ರಾಗ ಎಲ್‌ಎಲ್‌ಪಿ (ಪಾಲುದಾರರ ಹೊಣೆಗೆ ಮಿತಿ ಇರೂ ಪಾಲುದಾರಿಕೆ) ಕಾಯ್ದೆ ಬರೂ ತನಕ ಸರಳ ದಾರಿ ಇರ್ಲಿಲ್ಲ. ಬಾರ್ ಕೌನ್ಸಿಲ್‌ನ 36ನೇ ನಿಯಮ ವಕೀಲರು ಜಾಹೀರಾತು ಮಾಡಂಗಿಲ್ಲ ಅಂತ ಹೇಳತೈತಿ, 2008ರ ತಿದ್ದುಪಡಿ ಆದ ಮ್ಯಾಲ ವೆಬ್‌ಸೈಟಿನ್ಯಾಗ ಹೆಸರು, ವಿಳಾಸ, ಯಾವ ವಿಷಯದಾಗ ಕೆಲಸ ಅಂತ ಇಷ್ಟು ಹಾಕಬಹುದು. ಲಂಡನ್ ಫರ್ಮ್ ತನ್ನ ಒಂದೊಂದು ಇಲಾಖೆ ಎಂಥಾ ಡೀಲ್ ಮಾಡ್ತು, ಯಾವ ರ‍್ಯಾಂಕ್ ಬಂತು ಅಂತ ಪುಟಗಟ್ಟಲೆ ಬರಕೊಳ್ಳತೈತಿ, ಇಲ್ಲಿನ ವಕೀಲ ಬೋರ್ಡ್ ಮ್ಯಾಲ ಅಕ್ಷರ ಸೈಜಿಗೂ ಹೆದರಬೇಕು. ವೃತ್ತಿ ವ್ಯಾಪಾರ ಆಗಬಾರದು ಅನ್ನೂ ಕಾಳಜಿ ನಾ ಒಪ್ತೀನಿ, ಆದ್ರ ಯಾವ ವಕೀಲ ಯಾವ ವಿಷಯದಾಗ ಗಟ್ಟಿ ಅಂತ ಕಕ್ಷಿದಾರಗ ತಿಳಿಯೂ ಹಾದಿನ ಇಲ್ಲದಂಗ ಆತು, ಅದು ಹಾನಿ.

ಇನ್ನ ವಿದೇಶಿ ಫರ್ಮ್‌ಗಳ ಕತಿ. 1961ರ ವಕೀಲರ ಕಾಯ್ದೆ ಪ್ರಕಾರ ಇಲ್ಲಿ ವಕೀಲಿ ಮಾಡೂ ಹಕ್ಕು ನೋಂದಣಿ ಆದ ಅಡ್ವೊಕೇಟ್‌ಗಳಿಗಷ್ಟ. 1990ರ ದಶಕದಾಗ ರಿಸರ್ವ್ ಬ್ಯಾಂಕ್ ವೈಟ್ ಆ್ಯಂಡ್ ಕೇಸ್, ಚಾಡ್‌ಬೋರ್ನ್, ಆಶರ್ಸ್ಟ್ ಈ ಮೂರಕ್ಕ ಲಯಾಸನ್ ಆಫೀಸ್ (ಸಂಪರ್ಕ ಕಚೇರಿ) ತೆಗಿಯಾಕ ಅನುಮತಿ ಕೊಡ್ತು. ಲಾಯರ್ಸ್ ಕಲೆಕ್ಟಿವ್ ಅನ್ನೂ ವಕೀಲರ ಸಂಘಟನೆ ಬಾಂಬೆ ಹೈಕೋರ್ಟಿಗೆ ಹೋತು, 2009ರ ಡಿಸೆಂಬರಿನ್ಯಾಗ ತೀರ್ಪು ಬಂತು: ಕೋರ್ಟಿಗೆ ಹೋಗದನ ಆಫೀಸಿನ್ಯಾಗ ಕುಂತು ಸಲಹಾ ಕೊಡೂದು, ಕರಾರು ಬರಿಯೂದೂ ವಕೀಲಿನ, ಆ ಅನುಮತಿ ಸರಿ ಅಲ್ಲ ಅಂತ. ಇದು ದೊಡ್ಡ ಮಾತು, ಯಾಕಂದ್ರ ಈ ಫರ್ಮ್‌ಗಳ ಮುಖ್ಯ ಕೆಲಸಾನ ಅದು. 2012ರಾಗ ಎ.ಕೆ. ಬಾಲಾಜಿ ಕೇಸಿನ್ಯಾಗ ಮದ್ರಾಸ್ ಹೈಕೋರ್ಟ್, ವಿದೇಶಿ ವಕೀಲರು ಬಂದು ತಮ್ಮ ದೇಶದ ಕಾನೂನು ಬಗ್ಗೆ ಸಲಹಾ ಕೊಟ್ಟು ವಾಪಸ್ ಹೋಗಬಹುದು ಅಂತು. 13 ಮಾರ್ಚ್ 2018ಕ್ಕ ಸುಪ್ರೀಂ ಕೋರ್ಟ್ ನಡುವಿನ ದಾರಿ ಹಿಡೀತು, ಅಪರೂಪಕ್ಕ ಬಂದು ಹೋಗೂದು ನಡೀತೈತಿ, ಪದೇ ಪದೇ ಬಂದ್ರ ಅದು ವಕೀಲಿ, ಅಂತಾರಾಷ್ಟ್ರೀಯ ಆರ್ಬಿಟ್ರೇಶನ್‌ಗೆ (ಕೋರ್ಟಿನ ಹೊರಗ ಮಧ್ಯಸ್ಥರ ಮುಂದ ಜಗಳ ಬಗೆಹರಿಸೂದಕ್ಕ) ಪೂರ್ತಿ ಬಂದಿನೂ ಇಲ್ಲ, ಪೂರ್ತಿ ಹಕ್ಕೂ ಇಲ್ಲ, ಉಳಿದದ್ದಕ್ಕ ನಿಯಮ ಮಾಡ್ರಿ ಅಂತ. ಬಾರ್ ಕೌನ್ಸಿಲ್ ನಿಯಮ ಹೊರಡಿಸಿದ್ದು 2023ರ ಮಾರ್ಚಿನ್ಯಾಗ, ಮತ್ತ 2025ರ ಮೇದಾಗ ತಿದ್ದಿದ್ರು. ಅದರ ಪ್ರಕಾರ ನೋಂದಣಿ ಮಾಡಿಕೊಂಡ ವಿದೇಶಿ ಫರ್ಮ್ ವಿದೇಶಿ ಕಾನೂನು, ಅಂತಾರಾಷ್ಟ್ರೀಯ ಕಾನೂನು, ಆರ್ಬಿಟ್ರೇಶನ್ ಇವುಗಳೊಳಗ ಕೆಲಸ ಮಾಡಬಹುದು, ಅದೂ ಅವರ ದೇಶ ನಮ್ಮವರಿಗೆ ಬಾಗಲಾ ತೆಗದಿದ್ರ. ಕೋರ್ಟ್, ಟ್ರಿಬ್ಯುನಲ್ ಮುಂದ ನಿಲ್ಲಂಗಿಲ್ಲ, ಆಸ್ತಿ ಖರೀದಿ ಪತ್ರ, ಟೈಟಲ್ ತಪಾಸಣೆ ಮುಟ್ಟಂಗಿಲ್ಲ. ಹಂಗಾಗಿ ನಮ್ಮ ಜಿಲ್ಲಾ ವಕೀಲರ ಅನ್ನ ಕಸಗೋತಾರ ಅನ್ನೂ ಹೆದರಿಕಿಗೆ ಈ ನಿಯಮದಾಗ ಜಾಗಾ ಇಲ್ಲ.

ಅವರ ಕಾಗದ ಮಾತ್ರ ಯಾವಾಗೋ ಬಂದು ಕುಂತಾವ. ಹತ್ತರಗಿ ಕಡೆ ಏಕಸ್ ಎಸ್‌ಇಜೆಡ್‌ನ್ಯಾಗ ಏರ್‌ಬಸ್, ಬೋಯಿಂಗ್ ಸಲುವಾಗಿ ಬಿಡಿಭಾಗ ತಯಾರಾಗತಾವ, ಇಳಕಲ್ ಗ್ರಾನೈಟ್ ಹೊರದೇಶಕ್ಕ ಹೋಗತೈತಿ, ಉದ್ಯಮಬಾಗದ ಫೌಂಡ್ರಿ, ಹೈಡ್ರಾಲಿಕ್ಸ್ ಮಂದಿಗೂ ವಿದೇಶಿ ಆರ್ಡರ್ ಬರತಾವ. ಆ ಪರ್ಚೇಸ್ ಆರ್ಡರ್ ತೆಗದು ನೋಡ್ರಿ. ಮೊದಲ ಪುಟದಾಗ ಪಾರ್ಟ್ ನಂಬರ್, ರೇಟು, ಡೆಲಿವರಿ ತಾರೀಖು. ಕೆಳಗ ಸಣ್ಣ ಅಕ್ಷರದಾಗ ಒಂದ ಸಾಲು, ಈ ಆರ್ಡರ್ ನಮ್ಮ ಜನರಲ್ ಟರ್ಮ್ಸ್‌ಗೆ ಒಳಪಟ್ಟೈತಿ, ವೆಬ್‌ಸೈಟಿನ್ಯಾಗ ನೋಡ್ರಿ ಅಂತ. ಆ ಲಿಂಕ್ ತೆಗದ್ರ ಪುಟಗಟ್ಟಲೆ ಕರಾರು, ಡ್ರಾಯಿಂಗ್ ಯಾರದು ಅನ್ನೂದು ಐಪಿ (ಬೌದ್ಧಿಕ ಆಸ್ತಿ) ಟೀಮ್ ಬರದದ್ದು, ಮಾಲು ವಾಪಸ್ ಬಂದ್ರ ನಷ್ಟ ಯಾರ ತಲಿ ಮ್ಯಾಲ ಅನ್ನೂದು ಪ್ರಾಡಕ್ಟ್ ಲಯಾಬಿಲಿಟಿ ಟೀಮ್ ಬರದದ್ದು, ಜಗಳ ಬಂದ್ರ ಇಂಗ್ಲಿಷ್ ಕಾನೂನು, ಆರ್ಬಿಟ್ರೇಶನ್ ಸೀಟ್ (ಯಾವ ಊರಿನ ಕಾನೂನು, ಕೋರ್ಟಿನ ಅಡಿ ಅದು ನಡೀತೈತಿ ಅನ್ನೂದು) ಲಂಡನ್ ಇಲ್ಲಾ ಸಿಂಗಾಪುರ ಅನ್ನೂದು ಡಿಸ್‌ಪ್ಯೂಟ್ಸ್ ಟೀಮ್ ಬರದದ್ದು. ನಮ್ಮ ಕಡೆ ಅದನ್ನ ಓದೂದು ಯಾರು? ಬಹಳಷ್ಟು ಕಡೆ ಅಕೌಂಟ್ಸ್ ಹುಡುಗ, ಅದೂ ಪೇಮೆಂಟ್ ಎಷ್ಟು ದಿನಕ್ಕ ಅಂತ ನೋಡಾಕ.

ಸೀಟ್ ಅನ್ನೂದು ಬರೇ ಊರಿನ ಹೆಸರಲ್ಲ. 2012ರ ಭಾರತ್ ಅಲ್ಯೂಮಿನಿಯಂ ತೀರ್ಪಿನ್ಯಾಗ ಸುಪ್ರೀಂ ಕೋರ್ಟ್ ಹೇಳಿದ್ದು, ಸೀಟ್ ಹೊರದೇಶದಾಗ ಇದ್ರ ಅಲ್ಲಿನ ತೀರ್ಪನ್ನ ರದ್ದು ಮಾಡ್ರಿ ಅಂತ ಇಲ್ಲಿನ ಕೋರ್ಟಿಗೆ ಬರಾಕ ಬರೂದಿಲ್ಲ. ಅಲ್ಲಿ ಸೋತವಾ ಅಲ್ಲೇ ಹೋಗಬೇಕು, ಇಲ್ಲಾ ಗೆದ್ದವಾ ವಸೂಲಿಗೆ ನಮ್ಮ ಹೈಕೋರ್ಟಿಗೆ ಬಂದಾಗ 1996ರ ಕಾಯ್ದೆಯ 48ನೇ ಕಲಂ ಕೊಟ್ಟಿರೂ ಬೆರಳೆಣಿಕೆಯ ಕಾರಣ ಹಿಡದು ತಕರಾರು ಮಾಡಬೇಕು. ಲಂಡನ್‌ದಾಗ ಕೇಸ್ ನಡಸೂ ಖರ್ಚು ಒಂದು ಸಣ್ಣ ವರ್ಕ್‌ಶಾಪಿನ ವರ್ಷದ ಲಾಭ ನುಂಗತೈತಿ, ಹಿಂಗಾಗಿ ಹಕ್ಕು ನಮ್ಮ ಕಡೆ ಇದ್ರೂ ಬಿಟ್ಟು ಕೊಡೂ ಪರಿಸ್ಥಿತಿ ಬರತೈತಿ.

ಈ ಕೆಲಸ ಕಲಿಯಾಕ ನಮ್ಮ ಹುಡುಗರು ಮುಂಬಯಿ, ಬೆಂಗಳೂರಿಗೆ ಹೋಗೂದೊಂದ ದಾರಿ ಅಂತೇನಿಲ್ಲ. 2021ರಿಂದ ಇಂಗ್ಲೆಂಡ್ ಸಾಲಿಸಿಟರ್ ಆಗಾಕ ಎಸ್‌ಕ್ಯೂಇ ಅಂತ ಒಂದ ಪರೀಕ್ಷಾ ಇಟ್ಟೈತಿ, ಬ್ಯಾರೆ ದೇಶದಾಗ ಕಾನೂನು ಓದಿದವರೂ ಬರೀಬಹುದು. ಖರ್ಚು ಭಾಳ, ಎಲ್ಲಾರಿಗೂ ಆಗೂದಲ್ಲ. ಅದಕ್ಕಿಂತ ಹತ್ರದ್ದು ಅಂದ್ರ ಬೆಳಗಾವಿಯೊಳಗ ನಾಕೈದು ವಕೀಲರು ಕೂಡಿ ಒಂದು ಎಲ್‌ಎಲ್‌ಪಿ ಮಾಡಿ, ಒಬ್ಬರು ರಫ್ತು ಕರಾರು, ಒಬ್ಬರು ಜಿಎಸ್‌ಟಿ ಮತ್ತ ಕಸ್ಟಮ್ಸ್, ಒಬ್ಬರು ಕಾರ್ಮಿಕ ಕಾನೂನು, ಒಬ್ಬರು ಆರ್ಬಿಟ್ರೇಶನ್ ಅಂತ ಹಂಚಿಕೊಂಡು ಕುಂದರೂದು. ಉದ್ಯಮಬಾಗ, ಹತ್ತರಗಿ, ಇಳಕಲ್, ಸಕ್ಕರೆ ಫ್ಯಾಕ್ಟರಿ ಎಲ್ಲಾ ಸೇರಿದ್ರ ಕೆಲಸಕ್ಕ ಕಡಿಮಿ ಇಲ್ಲ. ಆರ್ಡರ್ ಬಂದ ದಿನಾನ ಅವರು ಆ ಲಿಂಕ್ ತೆಗದು ಓದಿ, ಸೀಟ್ ಮುಂಬಯಿ ಮಾಡ್ರಿ, 2016ರಿಂದ ಅಲ್ಲೇ ಅಂತಾರಾಷ್ಟ್ರೀಯ ಆರ್ಬಿಟ್ರೇಶನ್ ಸೆಂಟರ್ ಐತಿ ಅಂತ ಬೈಯರ್‌ಗೆ ಒಂದ ಮೇಲ್ ಹಾಕಿದ್ರ ಕೆಲವರು ಒಪ್ಪತಾರ, ಕೆಲವರು ಒಪ್ಪೂದಿಲ್ಲ, ಆದ್ರ ಆ ಮಾತು ಆಡಾಕ ಇರೂ ಟೈಮ್ ಆರ್ಡರ್ ಒಪ್ಪಿದೀವಿ ಅಂತ ನಮ್ಮ ಕಡೆಯಿಂದ ಮೇಲ್ ಹೋಗೂ ತನಕ ಅಷ್ಟ.