ಮ್ಯಾಗ್ನೆಟೋಗೆ ಗತಕಾಲ ಸಿಕ್ಕಿದ್ದು ಹದಿನೆಂಟು ವರ್ಷದ ಮೇಲೆ

ಚಿತ್ರಕಥೆ ಕಲಿಯಲು ಬರುವವರು ತೋರಿಸುವ ಕರಡುಗಳಲ್ಲಿ ಖಳನಾಯಕನಿಗೆ ಒಂದು ಕಹಿ ಬಾಲ್ಯ ಇದ್ದೇ ಇರುತ್ತದೆ. ಅಪ್ಪ ಹೊಡೆಯುತ್ತಿದ್ದ, ಊರು ಹಂಗಿಸಿತು, ಅದಕ್ಕೇ ಕೆಟ್ಟವನಾದ. ಎರಡು ಪುಟದ ಫ್ಲ್ಯಾಶ್‌ಬ್ಯಾಕ್ ಮುಗಿದರೆ ಆಯಿತು, ಕಥೆಯ ಉಳಿದ ಭಾಗದಲ್ಲಿ ಆ ಬಾಲ್ಯದ ಸುಳಿವೇ ಇರುವುದಿಲ್ಲ. ಅಂಥವರಿಗೆ ನಾನು ಅಮೆರಿಕದ ‘ಎಕ್ಸ್-ಮೆನ್’ ಕಾಮಿಕ್ಸಿನ ಖಳನಾಯಕ ಮ್ಯಾಗ್ನೆಟೋನನ್ನು ಓದಿ ಬನ್ನಿ ಎನ್ನುತ್ತೇನೆ.

ಲೇಖಕ ಸ್ಟಾನ್ ಲೀ ಮತ್ತು ಚಿತ್ರಕಾರ ಜ್ಯಾಕ್ ಕರ್ಬಿ ಇವನನ್ನು ಹುಟ್ಟಿಸಿದ್ದು 1963ರ ಸೆಪ್ಟೆಂಬರ್ ತಾರೀಖಿನ ‘ಎಕ್ಸ್-ಮೆನ್’ ಮೊದಲ ಸಂಚಿಕೆಯಲ್ಲಿ. ಕೆಂಪು ಹೆಲ್ಮೆಟ್, ಲೋಹವನ್ನೆಲ್ಲ ಕುಣಿಸುವ ಶಕ್ತಿ, ಅಮೆರಿಕದ ಕ್ಷಿಪಣಿ ನೆಲೆಯ ಮೇಲೆ ದಾಳಿ. ಮನುಷ್ಯರನ್ನು ಮ್ಯೂಟೆಂಟರೇ, ಅಂದರೆ ತನ್ನಂತೆ ಹುಟ್ಟಿನಿಂದಲೇ ವಿಶೇಷ ಶಕ್ತಿ ಪಡೆದವರೇ, ಆಳಬೇಕು ಎಂಬ ಹಟ. ಮರುವರ್ಷ ಅವನು ಕಟ್ಟಿದ ತಂಡದ ಹೆಸರಿನಲ್ಲೇ ‘ದುಷ್ಟ’ ಎಂಬ ಮಾತಿತ್ತು! ತನ್ನನ್ನು ತಾನೇ ದುಷ್ಟ ಎಂದುಕೊಂಡು ಯಾವ ಮನುಷ್ಯನೂ ಬೆಳಿಗ್ಗೆ ಏಳುವುದಿಲ್ಲ.

ಇದಕ್ಕೆ ಲೀ, ಕರ್ಬಿಯವರನ್ನಷ್ಟೇ ದೂರುವುದು ಸರಿಯಲ್ಲ. ಇಬ್ಬರೂ ಯೆಹೂದಿ ಮನೆತನದವರು. ಕರ್ಬಿ ಸೈನಿಕರಾಗಿ ಫ್ರಾನ್ಸಿನಲ್ಲಿ ಹಿಟ್ಲರನ ಸೇನೆಯ ವಿರುದ್ಧ ಹೋರಾಡಿ ಬಂದವರು. ಆದರೆ ಅಮೆರಿಕದ ಕಾಮಿಕ್ಸ್ ಉದ್ಯಮ 1954ರಲ್ಲಿ ತನಗೆ ತಾನೇ ಹಾಕಿಕೊಂಡ ನಿಯಮಾವಳಿ ಪ್ರಕಾರ, ಅಪರಾಧಿಯ ಮೇಲೆ ಓದುಗರಿಗೆ ಮರುಕ ಹುಟ್ಟುವಂತೆ ಬರೆಯುವ ಹಾಗೇ ಇರಲಿಲ್ಲ. ಅದು ಸಡಿಲವಾದದ್ದು 1971ರಲ್ಲಿ.

1975ರಲ್ಲಿ ಕ್ರಿಸ್ ಕ್ಲೇರ್‌ಮಾಂಟ್ ಈ ಮಾಲಿಕೆಯ ಬರವಣಿಗೆ ಕೈಗೆತ್ತಿಕೊಂಡರು. 1981ರ ಅಕ್ಟೋಬರ್‌ನ 150ನೇ ಸಂಚಿಕೆ ನನ್ನ ಮೇಜಿನ ಮೇಲೆ ಸದಾ ಇರುತ್ತದೆ. ಮ್ಯಾಗ್ನೆಟೋ ಜಗತ್ತಿಗೆ ಗಡುವು ಕೊಟ್ಟಿದ್ದಾನೆ: ಅಣ್ವಸ್ತ್ರ ಬಿಡಿ, ಆಳ್ವಿಕೆ ನನಗೆ ಒಪ್ಪಿಸಿ. ಸೋವಿಯತ್ ಜಲಾಂತರ್ಗಾಮಿಯೊಂದು ಅವನ ಮೇಲೆ ಕ್ಷಿಪಣಿ ಹಾರಿಸಿದಾಗ, ಸಿಬ್ಬಂದಿ ಸಮೇತ ಅದನ್ನು ಮುಳುಗಿಸುತ್ತಾನೆ. ಆಗ ಅವನ ಕೈ ನಡುಗುವುದಿಲ್ಲ. ಆಮೇಲೆ ಅವನ ಎದುರಾಳಿಗಳಾದ ಎಕ್ಸ್-ಮೆನ್ ತಂಡದ ಕಿಟಿ ಪ್ರೈಡ್ ಅವನ ಯಂತ್ರಗಳನ್ನು ಹಾಳುಮಾಡಲು ನುಗ್ಗುತ್ತಾಳೆ. ಕೋಪದಲ್ಲಿ ಹೊಡೆಯುತ್ತಾನೆ, ಅವಳು ಬೀಳುತ್ತಾಳೆ. ಹತ್ತಿರ ಹೋಗಿ ನೋಡಿದರೆ ಎಳೆಯ ಹುಡುಗಿ. ಅವಳು ಸತ್ತೇ ಹೋದಳೆಂದುಕೊಂಡು ತೋಳಲ್ಲಿ ಎತ್ತಿಕೊಂಡವನ ಬಾಯಿಂದ ಆಶ್ವಿಟ್ಜ್ ಎಂಬ ಹೆಸರು ಬರುತ್ತದೆ. ನಾಜಿಗಳು ಯೆಹೂದಿಗಳನ್ನು ಕೊಂದ ಆ ಶಿಬಿರದಲ್ಲಿ ಅವನ ಬಾಲ್ಯ ಕಳೆದಿತ್ತು. ಅಲ್ಲಿನ ಕಾವಲುಗಾರರಿಗೆ ತನ್ನವರ ಜೀವ ಹೇಗೆ ಲೆಕ್ಕಕ್ಕಿರಲಿಲ್ಲವೋ, ತನಗೂ ಮನುಷ್ಯರ ಜೀವ ಹಾಗೇ ಆಗಿಹೋಯಿತು ಎಂದು ಅವನೇ ಒಪ್ಪಿಕೊಳ್ಳುತ್ತಾನೆ.

ಈ ಮಾತು ಬರುವ ಜಾಗ ನೋಡಿ. ಕಥೆಯ ಆರಂಭದಲ್ಲೇ ಹೇಳಿಸಿದ್ದರೆ ಜಲಾಂತರ್ಗಾಮಿ ಮುಳುಗಿದಾಗ ನಾವು ಅವನ ಪರ ವಾದಿಸುತ್ತಿದ್ದೆವು. ಕ್ಲೇರ್‌ಮಾಂಟ್ ಆ ಅವಕಾಶ ಕೊಡುವುದಿಲ್ಲ. ಗತಕಾಲ ಇಲ್ಲಿ ಅವನ ರಕ್ಷಣೆಗೆ ಬರದೆ ಅವನ ಮೇಲೇ ಸಾಕ್ಷಿ ಹೇಳುತ್ತದೆ. ಹಿಂದಿನ ಹದಿನೆಂಟು ವರ್ಷಗಳ ದುಷ್ಟತನಕ್ಕೂ ಒಮ್ಮೆಲೇ ಅರ್ಥ ಬರುತ್ತದೆ, ಆದರೆ ಒಂದಕ್ಕೂ ಮಾಫಿ ಸಿಗುವುದಿಲ್ಲ.

ಆಮೇಲಿನ ದಾರಿ ಡೊಂಕು. 1985ರಲ್ಲಿ ತಾನಾಗಿ ಶರಣಾಗಿ ಪ್ಯಾರಿಸ್ಸಿನಲ್ಲಿ ವಿಚಾರಣೆಗೆ ನಿಲ್ಲುತ್ತಾನೆ. ಎಕ್ಸ್-ಮೆನ್ ತಂಡ ಕಟ್ಟಿದ ಎದುರಾಳಿ ಪ್ರೊಫೆಸರ್ ಎಕ್ಸ್‌ನ ಶಾಲೆಯನ್ನೇ ನಡೆಸುತ್ತಾನೆ. 1993ರ ಹೊತ್ತಿಗೆ ಅದೇ ತಂಡದ ವುಲ್ವರಿನ್‌ನ ಎಲುಬಿಗೆ ಅಂಟಿದ್ದ ಲೋಹವನ್ನು ಮೈಯಿಂದ ಕಿತ್ತೆಳೆಯುತ್ತಾನೆ. ಆ ದೃಶ್ಯ ಭಯಂಕರವಾಗಿದೆ ನಿಜ, ಆದರೆ ನನಗದು ಬರೀ ಬಲಪ್ರದರ್ಶನ ಅನಿಸುತ್ತದೆ, ಆಶ್ವಿಟ್ಜ್‌ನಿಂದ ಬಂದವನು ಆ ಕೆಲಸದಲ್ಲಿ ಕಾಣುವುದಿಲ್ಲ. 2000ದ ‘ಎಕ್ಸ್-ಮೆನ್’ ಸಿನಿಮಾ ಶಿಬಿರದ ಗೇಟಿನಿಂದಲೇ ಶುರುವಾಗುತ್ತದೆ. ತಾಯಿ ತಂದೆಯಿಂದ ಬೇರ್ಪಟ್ಟ ಹುಡುಗನ ಸಂಕಟಕ್ಕೆ ಕಬ್ಬಿಣ ಬಾಗುವುದು ನೋಡಿದಾಗ, ಅವನಿಗೆ ಲೋಹದ ಶಕ್ತಿಯೇ ಏಕೆ ಎಂದು ಯಾರೂ ವಿವರಿಸಬೇಕಾಗಿಲ್ಲ.

2008ರಲ್ಲಿ ಗ್ರೆಗ್ ಪಾಕ್ ಬರೆದ, ಕಾರ್ಮಿನೆ ಡಿ ಜಾಂಡೊಮೆನಿಕೊ ಚಿತ್ರಿಸಿದ ‘ಮ್ಯಾಗ್ನೆಟೋ: ಟೆಸ್ಟಮೆಂಟ್’ ಈ ಬಾಲ್ಯವನ್ನು ಪೂರ್ತಿಯಾಗಿ ಹೇಳುತ್ತದೆ. ಹುಡುಗನಿಗೆ ಅಲ್ಲಿ ಮ್ಯಾಕ್ಸ್ ಐಸನ್‌ಹಾರ್ಟ್ ಎಂಬ ಹೆಸರಿದೆ. ಶಿಬಿರದಲ್ಲಿ ಹೆಣ ಸಾಗಿಸುವ ಕೆಲಸಕ್ಕೆ ಅವನನ್ನು ಹಚ್ಚುತ್ತಾರೆ. ಹೆಲ್ಮೆಟ್ಟಿಲ್ಲ, ಸೂಪರ್‌ವಿಲನ್ ಇಲ್ಲ. ಓದುವವರು 150ನೇ ಸಂಚಿಕೆಯನ್ನು ಮೊದಲು ಓದಿ, ಇದನ್ನು ಆಮೇಲೆ ಹಿಡಿಯಲಿ. ಮ್ಯಾಕ್ಸ್‌ನ ಪರಿಚಯ ಮೊದಲೇ ಆಗಿಬಿಟ್ಟರೆ ಜಲಾಂತರ್ಗಾಮಿಯಲ್ಲಿದ್ದವರು ಯಾರ ನೆನಪಿಗೂ ಬರುವುದಿಲ್ಲ.