ಎರಡಿಂಚು ನೀರು ಅಂದರೆ ಎಷ್ಟು?

“ಆರುನೂರಡಿ ಹೋದ್ವಿ, ಎರಡಿಂಚು ನೀರು ಬಿತ್ತು.” ಬಯಲುಸೀಮೆಯಲ್ಲಿ ಹೊಸದಾಗಿ ಬೋರ್ ಕೊರೆಸಿದವರ ಬಾಯಲ್ಲೆಲ್ಲ ಇದೇ ಮಾತು. ಎರಡಿಂಚಿನ ಪೈಪಿನ ತುಂಬ ಬರುವ ನೀರು ಎಂದೇ ಬಹಳ ಜನ ತಿಳಿದಿದ್ದಾರೆ. ಹಾಗಲ್ಲ. ಗುಂಡಿಯಿಂದ ಚಿಮ್ಮಿದ ನೀರಿಗೆ ಮಣ್ಣಿನ ಕಟ್ಟೆ ಹಾಕಿ, ವಿ ಆಕಾರದಲ್ಲಿ ಕತ್ತರಿಸಿದ ತಗಡಿನ ಮೂಲಕ ಹರಿಯಬಿಟ್ಟು, ಆ ಕಚ್ಚಿನ ಕೆಳತುದಿಯಿಂದ ನೀರು ಎಷ್ಟು ಎತ್ತರ ನಿಲ್ಲುತ್ತದೆ ಎಂದು ಅಳೆಯುವ ಲೆಕ್ಕ ಇದು. 90 ಡಿಗ್ರಿಯ ಕಚ್ಚಿನಲ್ಲಿ ಒಂದಿಂಚು ಎಂದರೆ ಗಂಟೆಗೆ ಸುಮಾರು 500 ಲೀಟರ್. ಎರಡಿಂಚು ಎಂದರೆ ಅದರ ಎರಡರಷ್ಟಲ್ಲ, ಐದೂವರೆ ಪಟ್ಟಿಗೂ ಮಿಕ್ಕು: ಸುಮಾರು 2,900 ಲೀಟರ್. ಮೂರಿಂಚು 8,000 ಲೀಟರಿನ ಹತ್ತಿರ. ಅರ್ಧ ಇಂಚು ಹೆಚ್ಚಿಗೆ ಹೇಳಿದರೂ ಲೆಕ್ಕ ಎಲ್ಲಿಂದೆಲ್ಲಿಗೋ ಹೋಗುತ್ತದೆ. ಅಷ್ಟೇ ಅಲ್ಲ, ಅದು ಕಂಪ್ರೆಸರ್ ಗಾಳಿಯ ಒತ್ತಡಕ್ಕೆ ಆ ಹೊತ್ತು ಮೇಲೆ ಬಂದ ನೀರು. ಮೋಟಾರ್ ಇಳಿಸಿ ತಾಸುಗಟ್ಟಲೆ ಓಡಿಸಿದ ಮೇಲೂ ಅಷ್ಟೇ ನಿಲ್ಲುತ್ತದೆ ಎಂದು ಯಾರೂ ಬರೆದುಕೊಡುವುದಿಲ್ಲ.

ಮನೆ ಕಟ್ಟುವವರು ಲಕ್ಷಗಟ್ಟಲೆ ಸುರಿಯುವುದು ಇಂಥ ಮಾತುಗಳನ್ನು ನಂಬಿಯೇ. ಹಿಂದೆ ಹಾಗಿರಲಿಲ್ಲ. ಸೇದುವ ಬಾವಿಯ ಕಾಲದಲ್ಲಿ ನೀರಿನ ಮಾತೆಲ್ಲ ಕಣ್ಣಿಗೆ ಕಾಣುವ ಮಾತು. ಬಾವಿಕಟ್ಟೆ, ರಾಟೆ, ಹಗ್ಗ, ಕೊಡ. ಕೊಡ ಜಾರಿ ಒಳಗೆ ಬಿದ್ದರೆ ಎತ್ತಲು ಕೊಕ್ಕೆಗಳ ಪಾತಾಳಗರಡಿ. ಹೊಲದಲ್ಲಿ ಏತ, ಎತ್ತು ಎಳೆಯುವ ಕಪಿಲೆ. ಬಾವಿಯ ಗೋಡೆಯಲ್ಲಿ ನೀರು ಜಿನುಗುವ ಜಾಗಕ್ಕೆ ಸೆಲೆ ಅಂತಲೋ ಒರತೆ ಅಂತಲೋ ಹೆಸರು. ಬೇಸಿಗೆಯಲ್ಲಿ ನೀರು ಎಷ್ಟು ಇಳಿದಿದೆ ಎಂದು ತಿಳಿಯಲು ಬಗ್ಗಿ ನೋಡಿದರೆ ಸಾಕಿತ್ತು. ಹಗ್ಗ ಒಂದು ಮಾರು ಹೆಚ್ಚು ಬೇಕಾದರೆ ಕೈಗೇ ಗೊತ್ತಾಗುತ್ತಿತ್ತು.

ಆ ಬಾವಿಗಳನ್ನು ಹೊಗಳಿ ಸುಮ್ಮನಾಗುವಂತಿಲ್ಲ. ಮೆಟ್ಟಿಲಿಳಿದು ನೀರಿಗೆ ಕಾಲಿಟ್ಟು ತುಂಬಿಕೊಳ್ಳುವ ಬಾವಿಗಳಿಂದ ನಾರುಹುಣ್ಣು, ಅಂದರೆ ದಾರದಂಥ ಹುಳು ಚರ್ಮದಿಂದ ಹೊರಬರುವ ರೋಗ, ಹರಡುತ್ತಿತ್ತು. ಕರ್ನಾಟಕವೂ ಆ ಹುಳುವಿನ ಕಾಟ ಉಂಡ ರಾಜ್ಯ. ದೇಶದ ಕೊನೆಯ ಪ್ರಕರಣ ಕಂಡದ್ದು 1996ರಲ್ಲಿ, ರಾಜಸ್ಥಾನದಲ್ಲಿ. 2000ದಲ್ಲಿ ಭಾರತ ನಾರುಹುಣ್ಣಿನಿಂದ ಮುಕ್ತ ಎಂದು ಘೋಷಣೆಯಾಯಿತು. ಮುಚ್ಚಿದ ಬಾಯಿಯ ಕೈಪಂಪಿಗೆ ಅದರಲ್ಲಿ ದೊಡ್ಡ ಪಾಲಿದೆ.

ಕೈಪಂಪಿನ ಕಥೆ ಶುರುವಾಗುವುದು ಬರದಿಂದ. 1967ರ ಬಿಹಾರದ ಬರಗಾಲದಲ್ಲಿ ಗಟ್ಟಿ ಬಂಡೆಯನ್ನು ಗಾಳಿಯ ಒತ್ತಡದ ಸುತ್ತಿಗೆಯಿಂದ ಕೊರೆಯುವ ಯಂತ್ರಗಳನ್ನು ಯುನಿಸೆಫ್ ತರಿಸಿತು. ಗುಂಡಿಗಳು ಸರಸರನೆ ಬಿದ್ದವು, ಅವುಗಳ ಮೇಲೆ ಕೂರಿಸಿದ ಕೈಪಂಪುಗಳು ಮಾತ್ರ ಬಾಳಿಕೆ ಬರಲಿಲ್ಲ. ಒಂದು ಮನೆಯ ಬಳಕೆಗೆಂದು ಹೊರದೇಶಗಳಲ್ಲಿ ಮಾಡಿದ ಬೀಡುಕಬ್ಬಿಣದ ಪಂಪುಗಳ ನಕಲು ಅವು. ಇಡೀ ಊರು ಬೆಳಗಿನಿಂದ ರಾತ್ರಿವರೆಗೆ ಒತ್ತಿದರೆ ಎಲ್ಲಿ ತಾಳಬೇಕು? 1970ರ ದಶಕದ ನಡುವೆ ಸಮೀಕ್ಷೆ ಮಾಡಿದಾಗ ನಾಲ್ಕರಲ್ಲಿ ಮೂರು ಪಂಪು ಕೆಟ್ಟು ನಿಂತಿದ್ದವು. ದಾರಿ ತೋರಿಸಿದ್ದು ನಮ್ಮ ಪಕ್ಕದ ಸೊಲ್ಲಾಪುರ. ಅಲ್ಲಿ ರೂಪುಗೊಂಡಿದ್ದ ಉಕ್ಕಿನ ಪಂಪನ್ನು ಆಧಾರವಾಗಿಟ್ಟುಕೊಂಡು, ಯುನಿಸೆಫ್ ಮದರಾಸಿನ ರಿಚರ್ಡ್‌ಸನ್ ಆ್ಯಂಡ್ ಕ್ರುಡಾಸ್ ಕಂಪನಿಯ ಜೊತೆ ಸೇರಿ, ಕೊಯಮತ್ತೂರಿನ ಸುತ್ತ ಪರೀಕ್ಷಿಸಿ ಮಾಡಿದ್ದೇ ಇಂಡಿಯಾ ಮಾರ್ಕ್ 2. ಅದರ ವಿನ್ಯಾಸಕ್ಕೆ ಯಾರೂ ಪೇಟೆಂಟ್ ಹಾಕಲಿಲ್ಲ, ಯಾರು ಬೇಕಾದರೂ ಮಾಡಬಹುದಿತ್ತು. ಈ ದೊಡ್ಡತನವನ್ನು ನಾವು ಇನ್ನಷ್ಟು ನೆನೆಯಬೇಕು.

ನಮ್ಮ ಜನ ಅದಕ್ಕಿಟ್ಟ ಹೆಸರು ಬೋರಿಂಗು. ಕೊರೆಯುವ ಕೆಲಸದ ಹೆಸರು ಪಂಪಿಗೇ ಅಂಟಿಕೊಂಡಿತು. ಅದರ ತಲೆ ಬಿಚ್ಚಿದರೆ ಮೊದಲು ಕಾಣುವುದು ಗ್ರೀಸು ಮೆತ್ತಿದ ಚೈನು. ಹಿಡಿ ಮೇಲೆ ಕೆಳಗೆ ಆಡಿದರೂ ರಾಡು ನೆಟ್ಟಗೆ ಏರಿಳಿಯುವುದು ಅದರಿಂದಲೇ. ರಾಡಿನ ಕೊನೆಗೆ, ನೀರಿನೊಳಗೆ ಸಿಲಿಂಡರ್. ಅದರಲ್ಲಿ ವಾಷರ್, ತಳದಲ್ಲಿ ಏರಿದ ನೀರು ಮತ್ತೆ ಇಳಿಯದಂತೆ ತಡೆಯುವ ಫುಟ್‌ವಾಲ್ವ್. ಬೆಳಿಗ್ಗೆ ಇಪ್ಪತ್ತು ಮೂವತ್ತು ಸಲ ಒತ್ತಿದ ಮೇಲೆ ನೀರು ಬಂದರೆ ಫುಟ್‌ವಾಲ್ವೋ ಪೈಪಿನ ಕೀಲೋ ಸೋರುತ್ತಿದೆ. ಹಿಡಿ ಭಾರವೇ ಇಲ್ಲದೆ ಹಗುರಾಗಿ ಆಡಿದರೆ ರಾಡು ಕಳಚಿದೆ. ದಿನದಿಂದ ದಿನಕ್ಕೆ ಧಾರೆ ಸಣ್ಣಗಾದರೆ ವಾಷರ್ ಸವೆದಿದೆ. ಬಳಸುವ ಮುಂಚೆ ಒಂದು ತಂಬಿಗೆ ನೀರು ಹುಯ್ಯಬೇಕಾದ ಸಣ್ಣ ಪಂಪೇ ಬೇರೆ: ಅದು ಮೇಲಿನಿಂದ ಹೀರುತ್ತದೆ, ಏಳು ಮೀಟರಿನ ಕೆಳಗಿನ ನೀರು ಅದಕ್ಕೆ ದಕ್ಕುವುದು ಕಷ್ಟ. ಮಾರ್ಕ್ 2 ಸುಮಾರು 45 ಮೀಟರಿನಿಂದ ಎತ್ತಬಲ್ಲದು.

ಆ 45 ಮೀಟರೇ ಅದಕ್ಕೆ ಮುಳುವಾಯಿತು. ಸುತ್ತ ಹೊಲಗಳಲ್ಲಿ ಸಬ್‌ಮರ್ಸಿಬಲ್ ಮೋಟಾರುಗಳು ಇಳಿದವು, ನೀರು ಇನ್ನೂ ಕೆಳಗೆ ಹೋಯಿತು, ಬೋರಿಂಗು ಗಾಳಿ ಹೀರತೊಡಗಿತು. ಊರಿಗೆ ನಲ್ಲಿಯಿರುವ ನೀರಿನ ತೊಂಬೆ ಬಂತು, ಮನೆಗೆ ತಮಿಳುನಾಡಿನ ತಿರುಚೆಂಗೋಡಿನ ಬೋರ್ ಲಾರಿ ಬಂತು.

ಲಾರಿ ಬಂದ ದಿನ ತಿಳಿದಿರಬೇಕಾದ ಮುಖ್ಯ ಮಾತು ಕೇಸಿಂಗ್, ಅಂದರೆ ಗುಂಡಿಯ ಗೋಡೆ ಕುಸಿಯದಂತೆ ಇಳಿಸುವ ಪೈಪು. ನಮ್ಮ ಪ್ರಸ್ಥಭೂಮಿಯಲ್ಲಿ ಮೇಲೆ ಮಣ್ಣು, ಅದರ ಕೆಳಗೆ ಪುಡಿಪುಡಿ ಕಲ್ಲು, ಆಮೇಲೆ ಗಟ್ಟಿ ಬಂಡೆ. ಕೇಸಿಂಗ್ ಪೈಪು ಸಡಿಲ ಪದರವನ್ನೆಲ್ಲ ದಾಟಿ ಬಂಡೆಯಲ್ಲಿ ಕಚ್ಚಿ ಕೂರಬೇಕು. ಕೆಳಗೆ ಬರಿಗುಂಡಿ ಇದ್ದರೂ ನಡೆಯುತ್ತದೆ. ಕೇಸಿಂಗಿನಲ್ಲಿ ಜಿಪುಣತನ ಮಾಡಿದರೆ ಮಣ್ಣು ಕುಸಿದು ನೀರು ಕೆಂಪಾಗುತ್ತದೆ, ಮೋಟಾರು ಸಿಕ್ಕಿಹಾಕಿಕೊಳ್ಳುತ್ತದೆ. ಬಂಡೆಯಲ್ಲಿ ನೀರಿರುವುದು ಬಿರುಕುಗಳಲ್ಲಿ ಮಾತ್ರ. ಬಿಳಿ ಪುಡಿ ಹಾರುತ್ತಿದ್ದದ್ದು ನಿಂತು, ಒದ್ದೆ ಮಣ್ಣು ಉಂಡೆಯಾಗಿ ಬಿದ್ದರೆ “ಗ್ಯಾಪ್ ಸಿಕ್ತು” ಅನ್ನುತ್ತಾರೆ. ಅಜ್ಜಿ ಸೆಲೆ ಅಂದದ್ದೂ ಅದನ್ನೇ. ಬಿರುಕು ಸಿಗದಿದ್ದರೆ ಮೂವತ್ತಡಿ ಆಚೆಯ ಬೋರಿನಲ್ಲಿ ನೀರಿದ್ದೂ ನಿಮ್ಮದು ಒಣಗುಂಡಿ.

ದುಡ್ಡು ಅಡಿ ಲೆಕ್ಕ, ಆಳ ಹೋದಂತೆ ದರ ಏರುತ್ತದೆ. ಒಂದು ರಾಡು ಎಷ್ಟುದ್ದ ಎಂದು ಮೊದಲೇ ಕೇಳಿ, ಇಳಿದ ರಾಡುಗಳನ್ನು ನೀವೇ ಎಣಿಸಿ. ಒಟ್ಟು ಆಳ, ಕೇಸಿಂಗ್ ಎಷ್ಟಡಿ, ಸೆಲೆ ಸಿಕ್ಕಿದ್ದು ಎಷ್ಟಡಿಗೆ, ಮೋಟಾರು ಇಳಿಸಿದ್ದು ಎಲ್ಲಿಗೆ, ಇಷ್ಟನ್ನೂ ಮನೆಯ ಕಾಗದಪತ್ರದ ಜೊತೆ ಬರೆದಿಡಿ. ನೀರನ್ನು ಪರೀಕ್ಷೆಗೂ ಕಳಿಸಿ. ಕೋಲಾರ, ಪಾವಗಡದ ಕಡೆ ಆಳದ ನೀರಿನಲ್ಲಿ, ಹೆಚ್ಚಾದರೆ ಹಲ್ಲು ಮೂಳೆ ಕೆಡಿಸುವ ಫ್ಲೋರೈಡ್ ಬರುತ್ತದೆ. ಲೀಟರಿಗೆ 1 ಮಿಲಿಗ್ರಾಂ ಒಳಗಿರುವುದು ಒಳ್ಳೆಯದು, ಬೇರೆ ನೀರೇ ಇಲ್ಲದಿದ್ದರೆ 1.5 ಮೇರೆ. ಸಾರ್ವಜನಿಕ ಕುಡಿಯುವ ನೀರಿನ ಮೂಲದಿಂದ 500 ಮೀಟರ್ ಒಳಗೆ ಅನುಮತಿ ಇಲ್ಲದೆ ಕೊರೆಯುವಂತಿಲ್ಲ ಎಂದು ರಾಜ್ಯದ 1999ರ ಕಾಯ್ದೆ ಹೇಳುತ್ತದೆ.

ಇನ್ನು ಫೇಲಾದ ಬೋರ್. ಮನೆಯವರು ಮರೆಯುವುದು ಇದನ್ನೇ. 2024ರ ಏಪ್ರಿಲ್‌ನಲ್ಲಿ ವಿಜಯಪುರ ಜಿಲ್ಲೆಯ ಇಂಡಿ ತಾಲ್ಲೂಕಿನ ಲಚ್ಯಾಣದಲ್ಲಿ ಬೋರಿನೊಳಗೆ ಬಿದ್ದ ಪುಟ್ಟ ಮಗುವನ್ನು ಸುಮಾರು 20 ಗಂಟೆಗಳ ಬಳಿಕ ಜೀವಂತ ಎತ್ತಿದರು. ಎಲ್ಲ ಮಕ್ಕಳಿಗೂ ಆ ಪುಣ್ಯ ಇರಲಿಲ್ಲ. ಸುಪ್ರೀಂ ಕೋರ್ಟ್ 2010ರಲ್ಲೇ ಸ್ಪಷ್ಟವಾಗಿ ಹೇಳಿದೆ: ಕೊರೆಯುವ 15 ದಿನ ಮುಂಚೆ ಅಧಿಕಾರಿಗಳಿಗೆ ತಿಳಿಸಬೇಕು, ಕೇಸಿಂಗ್ ಬಾಯಿಗೆ ಉಕ್ಕಿನ ತಟ್ಟೆ ಬೆಸೆಯಬೇಕು ಇಲ್ಲವೇ ಬೋಲ್ಟ್ ಹಾಕಿದ ಗಟ್ಟಿ ಮುಚ್ಚಳ ಕೂರಿಸಬೇಕು, ಬಿಟ್ಟುಬಿಟ್ಟ ಗುಂಡಿಯನ್ನು ತಳದಿಂದ ನೆಲಮಟ್ಟದವರೆಗೆ ಮಣ್ಣು, ಮರಳು, ಕಲ್ಲಿನಿಂದ ತುಂಬಬೇಕು. ಗೋಣಿಚೀಲ ಹೊದಿಸಿ ಮೇಲೊಂದು ಕಲ್ಲಿಟ್ಟರೆ ಅದು ಮುಚ್ಚಿದಂತಲ್ಲ. ಕೊರೆದ ಲಾರಿ ಅಂಗಳದಲ್ಲಿ ಇರುವಾಗಲೇ, ಹಣ ಎಣಿಸಿಕೊಡುವ ಮುನ್ನವೇ, ಮುಚ್ಚಳ ಹಾಕಿಸಿಬಿಡಿ.